ಹಿತ್ತಲಿನ ಒಂದೇ ಹೀರೆಕಾಯಿ

ಬಹು ಹಿಂದೆ ಕಣಗಿಲೆನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿ ಮನೆ ಎಷ್ಟು ಚಿಕ್ಕದಾದರೂ ಹಿಂದೊಂದು ಹಿತ್ತಲು ಇದ್ದೇ ಇರುತ್ತಿತ್ತು. ಹಿತ್ತಲೆಂದ ಮೇಲೆ ಒಂದು ಮಡಿ ಮೆಂತ್ಯ, ನಾಲ್ಕು ಬೆಂಡೆಗಿಡ, ಚಪ್ಪರದ ಮೇಲೆ ಹೀರೆಬಳ್ಳಿ. ಬಚ್ಚಲ ನೀರು ಹರಿದರೆ ಸಾಕು, ಅವು ತಾವಾಗಿ ಬೆಳೆಯುತ್ತಿದ್ದವು.

ಆ ನಾಡಿಗೆ ಒಂದು ದಿನ ಉರಿಗಣ್ಣನೆಂಬ ಮಾಂತ್ರಿಕ ಬಂದ. ರಾಜನ ಎದುರು ನಿಂತು ಹೇಳಿದ, "ಮಹಾಪ್ರಭು, ನಿಮ್ಮ ಜನ ಯಾಕೆ ಸೊಂಟ ಬಗ್ಗಿಸಿ ಮಣ್ಣು ಕೆದಕಬೇಕು? ದಿನಾ ಬೆಳಗ್ಗೆ ಮನೆಮನೆಯ ಬಾಗಿಲಿಗೆ ಒಂದು ಬುಟ್ಟಿ ತರಕಾರಿ ನಾನಿಡುತ್ತೇನೆ. ಯಾರೂ ಹಿತ್ತಲಲ್ಲಿ ಬೀಜ ಊರಬಾರದು, ಅಷ್ಟೇ."

ರಾಜ ಒಪ್ಪಿ ಡಂಗುರ ಸಾರಿಸಿದ. ಮರುದಿನವೇ ಬಾಗಿಲಿಗೆ ಬುಟ್ಟಿಗಳು ಬಂದವು. ತಂಬಿಗೆ ಗಾತ್ರದ ಬದನೆ, ತೋಳುದ್ದದ ಪಡವಲ, ಹೊಳೆಯುವ ಸೊಪ್ಪು. ಜನ ಗುದ್ದಲಿ ಬಿಸಾಡಿದರು. ಹಿತ್ತಲುಗಳಲ್ಲಿ ಕಳೆ ಬೆಳೆಯಿತು.

ಕೆಲವು ವರ್ಷ ಕಳೆದವು. ಆ ತರಕಾರಿ ಹೆಚ್ಚು ತಿಂದವರ ಬೆರಳುಗಳು ಒಂದೊಂದಾಗಿ ಹಸಿರಾಗತೊಡಗಿದವು. ಹತ್ತೂ ಬೆರಳು ಹಸಿರಾದ ದಿನ ಅವರು ಯಾರಿಗೂ ಹೇಳದೆ ಎದ್ದು ನಡೆದುಹೋಗುತ್ತಿದ್ದರು. ಹೋದವರು ಹಿಂದಿರುಗುತ್ತಿರಲಿಲ್ಲ. ಬುಟ್ಟಿ ಮಾತ್ರ ತಪ್ಪದೆ ಬರುತ್ತಿತ್ತು, ಆದ್ದರಿಂದ ಯಾರೂ ಹೆಚ್ಚು ಕೇಳಲಿಲ್ಲ.

ಆ ನಾಡಿನ ಒಂದು ಊರಲ್ಲಿ ಪುಟ್ಟೀರಿ ಎಂಬ ಹುಡುಗಿ ತಾಯಿ ದ್ಯಾವಮ್ಮನ ಜೊತೆ ಇದ್ದಳು. ಪಕ್ಕದ ಮನೆಯಲ್ಲಿ ಅವಳ ಅಣ್ಣ ಜವರ ಹೆಂಡತಿ ಮಕ್ಕಳೊಂದಿಗೆ ಇದ್ದ. ಬುಟ್ಟಿಯ ಕಾಯಿ ಪುಟ್ಟೀರಿಗೆ ಬಾಯಿಗೆ ಸೇರುತ್ತಿರಲಿಲ್ಲ. ಅವಳು ಉಪ್ಪು ಮಜ್ಜಿಗೆಯಲ್ಲೇ ಉಂಡೇಳುತ್ತಿದ್ದಳು. ದ್ಯಾವಮ್ಮ ಮಗಳ ಪಾಲನ್ನೂ ತಾನೇ ತಿನ್ನುತ್ತಿದ್ದಳು.

ಒಂದು ಬೆಳಗ್ಗೆ ದ್ಯಾವಮ್ಮ ಹತ್ತೂ ಹಸಿರು ಬೆರಳು ಮಡಚಿಕೊಂಡು ಹೊರಟಳು. ಪುಟ್ಟೀರಿ ಹಿಂದೆಯೇ ನಡೆದಳು. ಗುಡ್ಡದಾಚೆ ಮಾಂತ್ರಿಕನ ತೋಟವಿತ್ತು. ದ್ಯಾವಮ್ಮ ಒಂದು ಖಾಲಿ ಪಾತಿಯಲ್ಲಿ ಕಾಲಿಟ್ಟು ನಿಂತಳು. ಅವಳ ಕಾಲು ಬೇರಾಯಿತು, ಕೈ ಕುಡಿಯಾಯಿತು, ಕೂದಲು ಎಲೆಯಾಯಿತು. ಸುತ್ತಲೂ ನೋಡಿದರೆ ಪ್ರತಿ ಬಳ್ಳಿಯಲ್ಲೂ, ಪ್ರತಿ ಗಿಡದಲ್ಲೂ ಎಲೆಗಳ ನಡುವೆ ಒಂದು ಮುಖವಿತ್ತು. ಊರು ಇಷ್ಟು ದಿನ ತಿಂದದ್ದು ಅವರನ್ನೇ.

 ಪುಟ್ಟೀರಿ ತಾಯಿಯ ಬಳ್ಳಿಯನ್ನು ತಬ್ಬಿ ಅತ್ತಳು.

ಅಂದಿನಿಂದ ಅವಳು ದಿನಾ ಕದ್ದು ಬಂದು ತಾಯಿಯ ಬುಡದಲ್ಲಿ ಕೂರುತ್ತಿದ್ದಳು. ಒಂದು ದಿನ ಬಳ್ಳಿ ಪಿಸುಗುಟ್ಟಿತು, "ಮಗಾ, ಮಾಂತ್ರಿಕ ತನ್ನ ಹುಂಜಕ್ಕೆ ಹೇಳಿದ್ದು ಕೇಳಿಸ್ಕೊಂಡೆ. ಸ್ವಂತ ಹಿತ್ತಲಲ್ಲಿ ಸ್ವಂತ ಕೈಯಿಂದ ಬೆಳೆದಿದ್ದು ಒಂದು ಚೂರು ನಮ್ಮ ಬಾಯಿಗೆ ಬಿದ್ದರೆ ಸಾಕಂತೆ, ಮತ್ತೆ ಮನುಷ್ಯರಾಗ್ತೀವಂತೆ. ಅಟ್ಟದ ಮೇಲೆ ಸೋರೆಬುರುಡೆಯಲ್ಲಿ ಬೂದಿ ಕಲಸಿ ಬೀಜ ಇಟ್ಟಿದೀನಿ. ಬೇಗ ಮಾಡು. ಬಳ್ಳಿಗೆ ಗಿಡದಷ್ಟು ಆಯಸ್ಸಿಲ್ಲ; ಚಳಿ ಮುಗಿಯೋ ತನಕ ನಾನಿರ್ತೀನಿ, ಆಮೇಲೆ ಒಣಗ್ತೀನಿ."

ಪುಟ್ಟೀರಿ ಮನೆಗೆ ಓಡಿ ಬುರುಡೆ ಒಡೆದಳು. ಅದರಲ್ಲಿ ಮೂರು ಬಗೆಯ ಬೀಜವಿತ್ತು.

ಮೊದಲು ಮೆಂತ್ಯ ಚೆಲ್ಲಿದಳು. ಮೆಂತ್ಯ ಎಲ್ಲಕ್ಕಿಂತ ಬೇಗ ಬರುತ್ತದೆ. ಮೂರನೆಯ ದಿನಕ್ಕೆ ಮೊಳಕೆ ಮಣ್ಣು ಎತ್ತಿತು. ನಾಲ್ಕನೆಯ ದಿನ ಮಾಂತ್ರಿಕನ ಕಬ್ಬಿಣದ ಕೊಕ್ಕಿನ ಹುಂಜ ಬಂದು ಒಂದನ್ನೂ ಬಿಡದೆ ಕೆದಕಿ ತಿಂದಿತು. ಪುಟ್ಟೀರಿ ಅಳುತ್ತಾ ಕೂರಲಿಲ್ಲ. ಗುಂಡಿ ತೋಡಿ ಜೇಡಿಮಣ್ಣು ಕಲಸಿ ತುಂಬಿ, ಮೇಲೆ ನಾಲ್ಕು ಅಕ್ಕಿಕಾಳು ಇಟ್ಟಳು. ಹುಂಜ ಆಸೆಯಿಂದ ಬಲವಾಗಿ ಕುಕ್ಕಿತು. ಕೊಕ್ಕು ಹೂತುಕೊಂಡಿತು. ಮಧ್ಯಾಹ್ನದ ಬಿಸಿಲಿಗೆ ಮಣ್ಣು ಕಲ್ಲಾಯಿತು, ಹುಂಜ ಅಲ್ಲೇ ಸತ್ತಿತು. ಆದರೆ ಮೆಂತ್ಯ ಹೋಯಿತು.

ಎರಡನೆಯದಾಗಿ ಬೆಂಡೆಬೀಜವನ್ನು ನೀರಲ್ಲಿ ನೆನೆಸಿ ಊರಿದಳು. ಗಿಡ ಮೊಣಕಾಲೆತ್ತರ ಬಂದು ಹಳದಿ ಹೂ ಬಿಟ್ಟಿತು. ಆಗ ಮಾಂತ್ರಿಕ ಕಳಿಸಿದ, ಕರುವಿನ ಗಾತ್ರದ ಒಂದು ಬಸವನಹುಳು, ಬೆನ್ನ ಮೇಲೆ ಕಲ್ಲಿನ ಚಿಪ್ಪು ಹೊತ್ತು, ತೆವಳಿ ಬಂತು. ಒಂದೇ ಹಗಲಲ್ಲಿ ಕಾಂಡಸಮೇತ ಗಿಡಗಳನ್ನು ಮುಗಿಸಿತು. ಪುಟ್ಟೀರಿ ಒಲೆಯ ಬೂದಿಯನ್ನೆಲ್ಲ ತಂದು ಅದರ ಸುತ್ತ ಸುರಿದಳು. ಬೂದಿ ದಾಟಲಾಗದೆ ಹುಳು ಒಳಗೇ ಸುತ್ತಿ ಸುತ್ತಿ ಒಣಗಿ ಸತ್ತಿತು. ಆದರೆ ಬೆಂಡೆಯೂ ಹೋಯಿತು.

ಮೂರನೆಯದಾಗಿ ಆರು ಹೀರೆಬೀಜ ಊರಿದಳು. ಸೌದೆಕಡ್ಡಿ ನೆಟ್ಟು ಚಪ್ಪರ ಕಟ್ಟಿದಳು. ಬಳ್ಳಿಗಳು ಹಬ್ಬಿದವು, ಎಳೆಗಾಯಿ ಇಳಿಬಿದ್ದವು. ಇನ್ನು ನಾಲ್ಕು ದಿನಕ್ಕೆ ಕೊಯ್ಯಬಹುದಿತ್ತು. ಯಾವ ಮೃಗವೂ ಬರಲಿಲ್ಲ.

ಆ ಮಧ್ಯಾಹ್ನ ಅವಳು ನೀರು ತರಲು ಹೋಗಿದ್ದಳು. ಬಂದು ನೋಡಿದರೆ ಚಪ್ಪರ ನೆಲದಲ್ಲಿತ್ತು. ಅಣ್ಣ ಜವರ ಬಳ್ಳಿಗಳನ್ನು ಬೇರುಸಮೇತ ಕಿತ್ತು ಕಾಯಿಗಳನ್ನು ಕಾಲಲ್ಲಿ ತುಳಿಯುತ್ತಿದ್ದ.

"ಅಣ್ಣಾ! ಏನು ಮಾಡ್ತಿದೀಯ?"

"ನಿನ್ನಿಂದ ನಮ್ಮ ಮನೆಗೂ ಬುಟ್ಟಿ ನಿಂತುಹೋಗಿದೆ," ಎಂದ ಜವರ. "ಮಾಂತ್ರಿಕ ಹೇಳಿ ಕಳಿಸಿದ. ಬಳ್ಳಿ ಕಿತ್ತರೆ ನಾಳೆಯಿಂದ ಬರುತ್ತೆ. ನನ್ನ ಮಕ್ಕಳು ಏನು ತಿನ್ನಬೇಕು?"

"ಅವ್ವ ಅಲ್ಲಿ ಬಳ್ಳಿಯಾಗಿ ನಿಂತಿದಾಳೆ. ಆ ಬುಟ್ಟಿಯಲ್ಲಿ ಬರೋದು..."

"ಗೊತ್ತು."

ಪುಟ್ಟೀರಿ ತಲೆಯ ಮೇಲಿನ ಕೊಡ ಇಳಿಸಿದಳು.

"ಗೊತ್ತು ಕಣೇ," ಎಂದ ಜವರ, ಅವಳ ಮುಖ ನೋಡದೆ. "ನಾನೂ ಒಂದಿನ ಹೋಗಿ ನೋಡಿ ಬಂದೆ. ನೋಡಿ ಏನು ಮಾಡೋಕಾಗುತ್ತೆ?" ಕೈಯ ಮಣ್ಣು ಕೊಡವಿಕೊಂಡು ಹೊರಟುಹೋದ. ಮರುದಿನ ಅವನ ಬಾಗಿಲಿಗೆ ಬುಟ್ಟಿ ಬಂತು.

ಕಿತ್ತದ್ದು ಐದು ಬಳ್ಳಿ. ಆರನೆಯದು ಗೋಡೆ ಹತ್ತಿ ಹೆಂಚಿನ ಮೇಲೆ ಹೋಗಿದ್ದರಿಂದ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅದರಲ್ಲಿ ಒಂದೇ ಒಂದು ಕಾಯಿ ಇತ್ತು. ಬುರುಡೆಯ ಬೀಜವೆಲ್ಲ ಮುಗಿದಿತ್ತು.

ಪುಟ್ಟೀರಿ ಬರಿಗೈಯಲ್ಲಿ ತೋಟಕ್ಕೆ ಹೋದಳು. ಬಳ್ಳಿಯ ಅಂಚಿನ ಎಲೆಗಳು ಆಗಲೇ ಹಳದಿಯಾಗಿದ್ದವು.

"ಕಾಯಿ ತಂದ್ಯಾ ಮಗಾ?" ಎಂದಿತು ಬಳ್ಳಿ.

"ಒಂದು ಕಾಯಿ ಉಳಿದಿದೆ ಅವ್ವ. ಒಂದೇ ಒಂದು."

"ಮತ್ತೆ? ಕೊಯ್ದುಕೊಂಡು ಬಾ."

"ಎಳೆಯದರಲ್ಲಿ ಒಂದು ಚೂರು ಕೊಯ್ದರೂ ಕಾಯಿ ಕೊಳೆತು ಬೀಜ ಕಟ್ಟಲ್ಲ. ಉಳಿಯೋದು ನೀನೊಬ್ಬಳೇ, ಹೆಚ್ಚೆಂದರೆ ಅಕ್ಕಪಕ್ಕದ ನಾಲ್ಕು ಜನ. ಆಮೇಲೆ ನಾಡಲ್ಲಿ ಒಂದು ಬೀಜವೂ ಇರಲ್ಲ. ಬಳ್ಳಿಯಲ್ಲೇ ಒಣಗೋಕೆ ಬಿಟ್ಟರೆ ಐವತ್ತು ಅರವತ್ತು ಬೀಜ ಆಗುತ್ತೆ. ಇಲ್ಲಿರೋ ಎಲ್ಲರಿಗೂ..."

 ತಾಯಿ 'ಬಿಡು, ಬೀಜಕ್ಕೇ ಬಿಡು' ಎಂದು ಹೇಳಲೆಂದು ಪುಟ್ಟೀರಿ ಕಾದಳು. ದ್ಯಾವಮ್ಮ ಹಾಗೆ ಹೇಳಲಿಲ್ಲ.

"ನನಗೆ ಭಯ ಆಗುತ್ತೆ ಕಣೇ," ಎಂದಳು. "ನನಗೆ ಕೊಡು. ನಾನು ನಿನ್ನ ಅವ್ವ ಅಲ್ವಾ?"

ಪುಟ್ಟೀರಿ ಎದ್ದು ಮನೆಗೆ ನಡೆದಳು. ದಾರಿಯುದ್ದಕ್ಕೂ ಹಿಂದಿನಿಂದ ತಾಯಿ ಕೂಗುವುದು ಕೇಳುತ್ತಿತ್ತು. ಅವಳು ಆ ಕಾಯಿ ಕೊಯ್ಯಲಿಲ್ಲ.

ಕಾಯಿ ಬಲಿತು, ಕಂದಾಗಿ, ಒಣಗಿ ಗಲಗಲ ಎಂದಿತು. ಅದರ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಅವಳು ಮನೆಮನೆಗೆ ಹೋದಳು. ಮೊದಲು ಎಲ್ಲರೂ ಬಾಗಿಲು ಹಾಕಿಕೊಂಡರು. ಕೊನೆಗೆ ಎದುರುಮನೆಯ ಕೆಂಪಾಜಿ ಹೊರಗೆ ಬಂದಳು. ಅವಳ ಗಂಡ ಹೋಗಿ ವರ್ಷವಾಗಿತ್ತು. ಪುಟ್ಟೀರಿ ಅವಳನ್ನು ಗುಡ್ಡದಾಚೆ ಕರೆದೊಯ್ದು ಬದನೆಗಿಡದ ನಡುವೆ ಗಂಡನ ಮುಖ ತೋರಿಸಿದಳು. ಕೆಂಪಾಜಿ ಊರಿಗೆ ಬಂದು ಮಿಕ್ಕವರನ್ನು ಕರೆದೊಯ್ದಳು. ವಾರದಲ್ಲಿ ಅರವತ್ತು ಬೀಜ ಅರವತ್ತು ಹಿತ್ತಲಿಗೆ ಹೋದವು.

ಮಾಂತ್ರಿಕನ ಬಳಿ ಈಗ ಹುಂಜವಿಲ್ಲ, ಹುಳುವಿಲ್ಲ. ಊರವರೇ ಬಂದು ಚಾಡಿ ಹೇಳುತ್ತಾರೆಂದು ಅವನು ನಿಶ್ಚಿಂತೆಯಿಂದಿದ್ದ. ಈ ಸಲ ಯಾರೂ ಹೇಳಲಿಲ್ಲ.

ಎರಡು ತಿಂಗಳಿಗೆ ಹಿತ್ತಲು ತುಂಬ ಹೀರೆಕಾಯಿ. ಜನ ಬುಟ್ಟಿ ಹೊತ್ತು ಹಾಡುಹಗಲೇ ತೋಟಕ್ಕೆ ನುಗ್ಗಿದರು. ಒಂದೊಂದು ಬಾಯಿಗೂ ಒಂದೊಂದು ಚೂರು. ಕೆಂಪಾಜಿಯ ಗಂಡ ಮೊದಲು ಎದ್ದು ಕಾಲಿನ ಮಣ್ಣು ಒದರಿದ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಅವರ ರಸ ಹೀರಿ ಬದುಕಿದ್ದ ಉರಿಗಣ್ಣ ಕೂಗುತ್ತಾ ಓಡಿಬಂದ. ಅರ್ಧ ದಾರಿಯಲ್ಲೇ ಒಣ ಸಿಪ್ಪೆಯಂತೆ ಮುದುಡಿ ಬಿದ್ದ. ಗಾಳಿ ಅವನನ್ನು ಹೊತ್ತೊಯ್ದಿತು.

ದ್ಯಾವಮ್ಮ ನಿಂತಿದ್ದ ಪಾತಿಯಲ್ಲಿ ಒಂದು ಹಿಡಿ ಒಣ ನಾರು ಇತ್ತು. ಚಳಿ ಮುಗಿದು ಆಗಲೇ ಮೂರು ತಿಂಗಳು ಕಳೆದಿತ್ತು. ಪುಟ್ಟೀರಿ ಆದರೂ ಒಂದು ಚೂರು ಹೀರೆಕಾಯಿ ಅಲ್ಲಿಟ್ಟು ನೋಡಿದಳು. ಏನೂ ಆಗಲಿಲ್ಲ.

ಜವರ ಹಿಂದೆ ಬಂದು ನಿಂತಿದ್ದ. ಅವನ ಕೈಯಲ್ಲಿ ಎಂಟು ಬೆರಳು ಹಸಿರಾಗಿದ್ದವು. ಅಳುತ್ತಾ ಹೇಳಿದ, "ಆ ಕಾಯಿ ಅವ್ವನಿಗೆ ಕೊಟ್ಟಿದ್ದರೆ ಅವಳು ಬದುಕ್ತಿದ್ದಳು. ನಿನಗೆ ಮನಸ್ಸಾದರೂ ಹೇಗೆ ಬಂತು?"

"ಇನ್ನೂ ಐದು ಬಳ್ಳಿ ಇದ್ದವು ಅಣ್ಣ," ಎಂದಳು ಪುಟ್ಟೀರಿ. ಕೈಯಲ್ಲಿದ್ದ ಕಾಯಿಯ ಉಳಿದ ಭಾಗವನ್ನು ಅವನಿಗೆ ಕೊಟ್ಟಳು. ಅವನು ತಿಂದ. ಬೆರಳುಗಳು ಮೊದಲಿನಂತಾದವು. ಆಮೇಲೆ ಅವಳು ಅಣ್ಣನೊಂದಿಗೆ ಮಾತಾಡಲಿಲ್ಲ, ಬದುಕಿರುವ ತನಕ.

ರಾಜ ಮತ್ತೊಮ್ಮೆ ಡಂಗುರ ಸಾರಿಸಿದ, ಇನ್ನು ಪ್ರತಿ ಹಿತ್ತಲಲ್ಲೂ ಬೀಜ ಊರಲೇಬೇಕೆಂದು. ಮಾಂತ್ರಿಕನನ್ನು ಗೆದ್ದದ್ದು ರಾಜನೇ ಎಂದು ಆಸ್ಥಾನದವರು ಹಾಡು ಕಟ್ಟಿದರು. ಹಿಂದಿರುಗಿದವರ ಮನೆಗಳಲ್ಲಿ ಹಬ್ಬ ನಡೆಯಿತು. ಹೆಂಗಸರು ಗೋಡೆಯ ಮೇಲಿಂದ ಒಬ್ಬರಿಗೊಬ್ಬರು ಸೊಪ್ಪಿನ ಕಂತೆ ದಾಟಿಸುತ್ತಾ ನಗುತ್ತಿದ್ದರು. ಕಣಗಿಲೆನಾಡಿನ ಜನರೆಲ್ಲ ಸುಖವಾಗಿದ್ದರು.

ಪುಟ್ಟೀರಿಯೂ ಇದ್ದಳು.