ತಡವಾಗಿ ಬಂದ ಚೀಲಗಳು

ಒಂದು ಅಂಗಿ ಒಗೆದು ಇಸ್ತ್ರಿ ಮಾಡಿಕೊಟ್ಟರೆ ಇಪ್ಪತ್ತು. ಸೋಪು, ನೀರು, ಕರೆಂಟು, ಬಾಡಿಗೆ ಕಳೆದರೆ ಕೈಗೆ ಉಳಿಯುವುದು ಐದು. ಮನೆಯ ಖರ್ಚು ಬಿಟ್ಟು ತಿಂಗಳಿಗೆ ನಾಲ್ಕು ಸಾವಿರ ಎತ್ತಿಡಬೇಕೆಂದರೆ ಎಂಟುನೂರು ಅಂಗಿ ಹೆಚ್ಚಿಗೆ ಒಗೆಯಬೇಕು. ಹನ್ನೊಂದು ವರ್ಷಕ್ಕೆ ಒಂದು ಲಕ್ಷ ಐದು ಸಾವಿರದ ಆರುನೂರು ಅಂಗಿ.

ಈ ಲೆಕ್ಕವನ್ನು ಲಾಂಡ್ರಿಯ ಹೆಂಗಸು ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಯಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಳು.

“ಅಮ್ಮಾ, ಅಂಗಿ ಬಿಡಿ. ದುಡ್ಡು ಎಷ್ಟು ಹೋಗಿದೆ ಹೇಳಿ,” ಎಂದರು ಇನ್‌ಸ್ಪೆಕ್ಟರ್.

“ಅಂಗಿ ಬಿಟ್ರೆ ದುಡ್ಡು ಎಲ್ಲಿಂದ ಬಂತು ಸಾರ್?”

ಹೆಡ್ ಕಾನ್‌ಸ್ಟೇಬಲ್ ಮುಖ ಆಚೆ ತಿರುಗಿಸಿಕೊಂಡು ನಕ್ಕಳು.

ವಿಷಯ ಇಷ್ಟು. ಆ ಬೀದಿಯ ಅಂಗಡಿಗಳ ತೆರಿಗೆ ಕಾಗದಗಳನ್ನೆಲ್ಲ ನೋಡಿಕೊಳ್ಳುವವರು ಒಬ್ಬರೇ. ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರಿಂದ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಸ್ವಂತ ಕೆಲಸದವರಿಗೆ ಪಿಂಚಣಿ ಕೊಡುವವರು ಯಾರೂ ಇಲ್ಲ, ಈಗಿನಿಂದಲೇ ನಿವೃತ್ತಿ ನಿಧಿಗೆ ಕಟ್ಟಿ, ತೆರಿಗೆಯಲ್ಲೂ ಸ್ವಲ್ಪ ಉಳಿಯುತ್ತದೆ ಎಂದು ಅವಳಿಗೆ ಹೇಳಿದವರು ಅವರೇ. ಅವಳು ಪ್ರತಿ ತಿಂಗಳ ಒಂದನೇ ತಾರೀಕು ಹಣ ಅವರ ಕೈಗೇ ಕೊಟ್ಟಳು. ಅವರು ರಸೀದಿ ಕೊಟ್ಟರು. ಮುಂದಿನ ತಿಂಗಳು ಅವಳಿಗೆ ಅರವತ್ತು. ಕಾಲಿನ ನರಗಳು ಊದಿಕೊಂಡಿವೆ, ನಿಲ್ಲುವ ಕೆಲಸ ಬಿಡಬೇಕೆಂದು ಡಾಕ್ಟರು ಎರಡು ಸಲ ಹೇಳಿದ್ದರು. ಶುಕ್ರವಾರ ನಿಧಿಯ ಕಚೇರಿಗೆ ತಾನೇ ಹೋಗಿ ಕೇಳಿದರೆ, ಅಲ್ಲಿದ್ದದ್ದು ಮೊದಲ ಎರಡು ವರ್ಷದ ಹಣ ಮಾತ್ರ.

“ಒಂಬತ್ತು ವರ್ಷ ಒಂದ್ಸಲಾನೂ ಹೋಗಿ ನೋಡ್ಲಿಲ್ವಾ?”

“ಮೇಷ್ಟ್ರೇ ವರ್ಷಾವರ್ಷ ಚೀಟಿ ಕೊಡ್ತಿದ್ರು ಸಾರ್, ಸೀಲ್ ಹಾಕಿ. ಕೊಟ್ಟ ಮೇಲೆ ನೋಡೋದು ಅನುಮಾನ ಪಟ್ಟ ಹಾಗೆ ಅಲ್ವಾ?”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡರು. 11.05ಕ್ಕೆ ಎಫ್‌ಐಆರ್ ದಾಖಲಾಯಿತು: ನಂಬಿಕೆದ್ರೋಹ, ನಕಲಿ ದಾಖಲೆ. ಮೊತ್ತ ನಾಲ್ಕು ಲಕ್ಷ ಮೂವತ್ತೆರಡು ಸಾವಿರ.

ಮಧ್ಯಾಹ್ನ ಪೊಲೀಸರಿಬ್ಬರೂ ಬೀದಿಗೆ ಹೋದರು. ಮೊದಲು ಹಾರ್ಡ್‌ವೇರ್ ಅಂಗಡಿ.

“ನಿಮ್ಮ ತೆರಿಗೆ ಖಾತೆ ಪಾಸ್‌ವರ್ಡ್ ಯಾರ ಹತ್ರ ಇದೆ?”

“ಮೇಷ್ಟ್ರ ಹತ್ರ.”

“ಫೋನಿಗೆ ಬರೋ ಓಟಿಪಿ?”

“ಅವರು ಕೇಳ್ತಾರೆ, ನಾನು ಹೇಳ್ತೀನಿ.”

“ಸಹಿ?”

“ಅದು ನಂದೇ ಸಾರ್. ಇಪ್ಪತ್ತು ಖಾಲಿ ಹಾಳೆಗೆ ಒಟ್ಟಿಗೇ ಹಾಕಿ ಕೊಟ್ಟಿದ್ದೀನಿ. ಪದೇಪದೇ ಯಾರು ಹೋಗ್ತಾರೆ?”

ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿಕೊಂಡರು. “ಅಂಗಡಿ ಬೀಗದ ಕೈ?”

“ಅದನ್ನ ಯಾಕೆ ಕೊಡ್ಲಿ ಸಾರ್, ನನಗೇನು ಹುಚ್ಚಾ?”

ಬೇಕರಿ, ಮುದ್ರಣಾಲಯ, ಹಲ್ಲಿನ ಕ್ಲಿನಿಕ್ಕು, ಎಲ್ಲ ಕಡೆಯೂ ಅದೇ ಹಾಡು. ಕೊನೆಗೆ ಎಲ್ಲರದೂ ಒಂದೇ ಮಾತು: “ಮೇಷ್ಟ್ರ ಹತ್ರ ಹೋದ್ಮೇಲೆ ಒಂದ್ಸಲಾನೂ ದಂಡ ಬಿದ್ದಿಲ್ಲ ಸಾರ್. ದೇವರಂಥೋರು.”

ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಮೇಷ್ಟ್ರ ಕಚೇರಿಯಲ್ಲಿ ಪಂಚನಾಮೆ. ಮಹಡಿಯ ಮೇಲೆ ಒಂದೇ ಕೋಣೆ. ಒಂದು ಮೇಜು, ಕೈ ಮುರಿದ ಕುರ್ಚಿ, ಗೋಡೆಯುದ್ದಕ್ಕೂ ಬಟ್ಟೆಯ ಚೀಲಗಳು. ಬೀದಿಯವರು ಬಿಲ್ಲುಗಳನ್ನು ವರ್ಷವಿಡೀ ಚೀಲಕ್ಕೆ ತುರುಕಿ ಹಾಗೆಯೇ ತಂದು ಸುರಿಯುತ್ತಿದ್ದರು. ಅರವತ್ತೊಂದರ ಮೇಷ್ಟ್ರು ತೇಪೆ ಹಾಕಿದ ಕೋಟಿನಲ್ಲಿ ಎದ್ದು ನಿಂತು, “ಎಲ್ಲ ಕ್ರಮವಾಗಿದೆ, ನೋಡಿ ಸಾರ್,” ಎಂದರು. ನಿಜಕ್ಕೂ ಕ್ರಮವಾಗಿತ್ತು. ಪ್ರತಿ ಚೀಲದ ಚೀಟಿಯಲ್ಲಿ ಮಾಲೀಕರ ಅಂಗಡಿ, ವರ್ಷವರ್ಷವೂ ‘ಬಂದ ದಿನಾಂಕ’ ಎಂಬ ಮುದ್ರೆ. ಪಂಚರ ಮುಂದೆ ಇನ್ನೂರ ಹನ್ನೆರಡು ಚೀಲ ಎಣಿಸುವಷ್ಟರಲ್ಲಿ ಮೂರು ಗಂಟೆಯಾಯಿತು.

ಚೀಟಿಗಳನ್ನು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ನಡುವೆ ನಿಂತಳು.

“ಸಾರ್, ತೆರಿಗೆ ವಿವರ ಸಲ್ಲಿಸೋಕೆ ಕೊನೇ ದಿನ ಜುಲೈ ಮೂವತ್ತೊಂದು ಅಲ್ವಾ?”

“ಹೌದು.”

“ಹಾರ್ಡ್‌ವೇರ್‌ನವರ ಚೀಲ ಬಂದಿರೋದು ಅದರ ಮುಂದಿನ ತಿಂಗಳು ಹತ್ತೊಂಬತ್ತಕ್ಕೆ. ಬೇಕರಿದು ಇಪ್ಪತ್ತಾರಕ್ಕೆ. ಹೋದ ವರ್ಷಾನೂ ಹಾಗೇ, ಅದರ ಹಿಂದಿನ ವರ್ಷಾನೂ ಹಾಗೇ. ನಮ್ಮ ಯಜಮಾನರ ಮೊಬೈಲ್ ರಿಪೇರಿ ಅಂಗಡಿ ಚೀಲಾನೂ ಇಲ್ಲಿದೆ ಸಾರ್, ಅದೂ ತಡವೇ.” ಅವಳ ಕಿವಿ ಕೆಂಪಾಗಿತ್ತು. “ಒಬ್ಬರಿಗೂ ದಂಡ ಬಿದ್ದಿಲ್ಲ ಅಂದ್ರೆ ಹೇಗೆ? ತೆರಿಗೆ ಇಲಾಖೆಯವರು ಸ್ವಂತ ಅಪ್ಪನನ್ನೂ ಬಿಡಲ್ಲ.”

ಗಂಡನ ಅಂಗಡಿಯ ವಿಷಯವನ್ನು ಇನ್‌ಸ್ಪೆಕ್ಟರ್ ಅಲ್ಲೇ ಕೇಸ್ ಡೈರಿಯಲ್ಲಿ ಬರೆದು, ಬ್ಯಾಂಕಿಗೆ ನೋಟಿಸ್ ಕಳಿಸಿದರು.

ಗುರುವಾರ ಮೇಷ್ಟ್ರ ಬ್ಯಾಂಕ್ ಖಾತೆಯ ಹಾಳೆಗಳು ಬಂದವು. ಜೂಜು, ಸೈಟು, ಇನ್ನೊಂದು ಮನೆ, ಏನಾದರೂ ಸಿಕ್ಕೀತೆಂದು ಇನ್‌ಸ್ಪೆಕ್ಟರ್ ಹುಡುಕಿದರು. ಒಳಗೆ ಬಂದದ್ದು ಲಾಂಡ್ರಿಯವಳೂ ಸೇರಿ ಹದಿನಾಲ್ಕು ಜನರ ಉಳಿತಾಯ. ಉಳಿದವರ್‍ಯಾರಿಗೂ ಇನ್ನೂ ಗೊತ್ತೇ ಇರಲಿಲ್ಲ. ಹೊರಗೆ ಹೋದದ್ದೆಲ್ಲ ತೆರಿಗೆ ಇಲಾಖೆಗೆ, ತಡವಾದದ್ದಕ್ಕೆ ದಂಡ, ದಂಡಕ್ಕೆ ಬಡ್ಡಿ. ಹಾರ್ಡ್‌ವೇರ್ ಅಂಗಡಿಯ ಹೆಸರಿನಲ್ಲೇ ಎಂಬತ್ತು ಸಾವಿರಕ್ಕೆ ಮೇಲಿತ್ತು.

“ಸಾರ್, ಇದಕ್ಕೆ ಕಳ್ಳತನ ಅನ್ಬೇಕೋ ಧರ್ಮ ಅನ್ಬೇಕೋ?” ಎಂದಳು ಹೆಡ್ ಕಾನ್‌ಸ್ಟೇಬಲ್.

“ಕಂಡೋರ ದುಡ್ಡಲ್ಲಿ ಮಾಡಿದ್ರೆ ಧರ್ಮಾನೂ ಕಳ್ಳತನಾನೇ. ನಡಿ.”

ಸಂಜೆ 4.40ಕ್ಕೆ ಬಂಧಿಸಲು ಹೋದಾಗ ಮೇಷ್ಟ್ರು ಕಂಪ್ಯೂಟರ್ ಮುಂದಿದ್ದರು. “ಐದು ನಿಮಿಷ ಕೊಡಿ ಸಾರ್. ಬೇಕರಿಯವರ ತೆರಿಗೆ ಕಂತಿಗೆ ಇವತ್ತೇ ಕೊನೇ ದಿನ.”

“ಚೀಲ ಯಾವಾಗ ಕೊಟ್ರು?”

“ಈಗ ತಾನೆ.”

ಇನ್‌ಸ್ಪೆಕ್ಟರ್ ಕೈಯಾರೆ ಕಂಪ್ಯೂಟರ್ ಆರಿಸಿದರು.

ಹೇಳಿಕೆ ಬರೆಸುವಾಗ ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಹತ್ತು ವರ್ಷದ ಹಿಂದೆ ಹೆಂಡತಿಯ ಆಪರೇಷನ್ ಗಡಿಬಿಡಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಕೊನೆಯ ದಿನ ಅವರಿಗೇ ಮರೆತಿತ್ತು. ತಪ್ಪು ತನ್ನದೆಂದು ಆ ದಂಡವನ್ನು ಸ್ವಂತ ಜೇಬಿನಿಂದ ಕಟ್ಟಿದರು. ತಡವಾದರೂ ಮೇಷ್ಟ್ರು ದಂಡ ಬೀಳಿಸುವುದಿಲ್ಲ ಎಂದು ಅಂಗಡಿಯವನು ಬೀದಿಗೆಲ್ಲ ಸಾರಿದ. ನಲವತ್ತಿದ್ದ ಚೀಲ ಇನ್ನೂರಾಯಿತು, ಎಲ್ಲವೂ ತಡವಾಗಿ. ಜೇಬು ಬತ್ತಿದ ಮೇಲೆ, ಒಂದನೇ ತಾರೀಕಿಗೆ ತಪ್ಪದೆ ಬರುತ್ತಿದ್ದ ಹಣಕ್ಕೆ ಕೈ ಹಾಕಿದರು.

“ತಡ ಮಾಡಿದ್ದೀರಿ, ದಂಡ ಕಟ್ಟಿ ಅಂತ ಹೇಳೋಕೆ ಬಾಯಿ ಇರ್ಲಿಲ್ವಾ?”

“ಶಾಲೇಲಿ ಮೂವತ್ತು ವರ್ಷ ಯಾರೂ ನನ್ನ ಕಡೆ ತಿರುಗಿ ನೋಡಿರ್ಲಿಲ್ಲ ಸಾರ್. ಇಲ್ಲಿ ಬೀದಿಗೆ ಬಂದ್ರೆ ಎದ್ದು ನಿಲ್ತಿದ್ರು.”

ಇನ್‌ಸ್ಪೆಕ್ಟರ್ ಅದನ್ನೂ ಹಾಗೆಯೇ ಬರೆಸಿದರು.

ಮರುದಿನ ಅಂಗಡಿಯವರನ್ನು ಕರೆಸಿ, ನಿಮ್ಮ ದಂಡಕ್ಕೆ ಹೋದದ್ದು ಈ ಹದಿನಾಲ್ಕು ಜನರ ದುಡ್ಡು, ತಿರುಗಿ ಕೊಡಿ ಎಂದರು. “ಕಟ್ಟಿ ಅಂತ ನಾನು ಹೇಳಿದ್ನಾ?” ಎಂದ ಹಾರ್ಡ್‌ವೇರ್‌ನವನು. ಸಿವಿಲ್ ಕೋರ್ಟು ಹೇಳುವವರೆಗೆ ಕೊಡಿಸಲು ಪೊಲೀಸರಿಗೆ ಅಧಿಕಾರವಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಗಂಡನೊಡನೆ ಜಗಳವಾಡಿ ಒಂಬತ್ತು ಸಾವಿರ ತಂದಳು. ಮುದ್ರಣಾಲಯದವರು ಇಪ್ಪತ್ತೆರಡು ಸಾವಿರದ ಚೆಕ್ ಕೊಟ್ಟರು. ಮೇಷ್ಟ್ರ ಖಾತೆಯಲ್ಲಿ ಉಳಿದಿದ್ದದ್ದು ಹನ್ನೊಂದು ಸಾವಿರ; ಅವರಿಗೆ ಸ್ವಂತ ನಿವೃತ್ತಿ ನಿಧಿ ಇರಲಿಲ್ಲ.

ಒಟ್ಟು ನಲವತ್ತೆರಡು ಸಾವಿರ. ಅದನ್ನು ಹದಿನಾಲ್ಕು ಜನ ಹಂಚಿಕೊಳ್ಳಬೇಕಿತ್ತು. ಲಾಂಡ್ರಿಯವಳ ಪಾಲಿಗೆ ಬಂದದ್ದು ಮೂರು ಸಾವಿರ. ಅರವತ್ತು ತುಂಬಿದ ದಿನವೂ ಅವಳು ಎಂಟು ಗಂಟೆಗೆ ಅಂಗಡಿ ತೆರೆದಳು.