ಕ್ಯಾಮೆರಾ ಅವಳದು, ಲೆನ್ಸ್ ಅವನದು

ಹಾವೇರಿಯಲ್ಲಿ ಮೈಲೇಶ ಸರ್ ಶುರು ಮಾಡಿದ ಭಾನುವಾರದ ಫೋಟೋಗ್ರಫಿ ಕ್ಲಾಸಿಗೆ ಮೊದಲ ದಿನ ಹನ್ನೊಂದು ಜನ ಬಂದಿದ್ದರು. ಅವರಲ್ಲಿ ಹೆಗಲಿಗೆ ಕ್ಯಾಮೆರಾ ಬ್ಯಾಗ್ ಹಾಕಿಕೊಂಡು ಬಂದವನು ಬ್ಯಾಡಗಿಯ ರುದ್ರಮುನಿ ಒಬ್ಬನೇ. ಕಪ್ಪನೆಯ, ಒಳಗೆ ದಪ್ಪ ಸ್ಪಂಜು ಇದ್ದ ಒಳ್ಳೆಯ ಬ್ಯಾಗು. ಅದರಲ್ಲಿ ನಾಲ್ಕು ಜೋಳದ ರೊಟ್ಟಿ, ಒಂದು ಡಬ್ಬಿ ಝುಣಕ, ಸ್ವಲ್ಪ ಶೇಂಗಾ ಚಟ್ನಿ ಇದ್ದವು.

ಬ್ಯಾಗು ಅವನ ಅಕ್ಕನ ಗಂಡನದು. ಅವರು ಕ್ಯಾಮೆರಾ ಮಾರಿ ಬ್ಯಾಗನ್ನು ಇವರ ಮನೆಯಲ್ಲೇ ಬಿಟ್ಟುಹೋಗಿದ್ದರು. ಅದರೊಳಗೆ ಇಟ್ಟ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ ಎಂದು ಅವನ ತಾಯಿ ದೇವವ್ವ ಕಂಡುಕೊಂಡಿದ್ದಳು. ಮಗ ಫೋಟೋ ಕಲಿಯಲು ಹೋಗುತ್ತಾನೆಂದರೆ ಇದಕ್ಕಿಂತ ಸರಿಯಾದ ಬುತ್ತಿಚೀಲ ಯಾವುದು?

ಇಪ್ಪತ್ತೆಂಟರ ರುದ್ರಮುನಿಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹತ್ತಿರ ಗೋಣಿಚೀಲದ ಅಂಗಡಿ ಇತ್ತು. ಒಂದು ದಿನ ಪೇಪರಿನಲ್ಲಿ ಅದೇ ಪೇಟೆಯ ಫೋಟೋ ನೋಡಿದ್ದ. ಕೆಂಪು ರಾಶಿ, ಅದರ ಅಂಚಿನಲ್ಲಿ ಕುಳಿತು ಚಹಾ ಆರಿಸಿಕೊಳ್ಳುತ್ತಿದ್ದ ಹಮಾಲ. ದಿನವೂ ಕಾಣುವುದು ತನಗೆ ಯಾಕೆ ಹೀಗೆ ಕಂಡಿರಲಿಲ್ಲ ಎಂದು ಅವನಿಗೆ ಕೆಡುಕೆನಿಸಿತು. ಕ್ಲಾಸಿಗೆ ಸೇರಿದ್ದು ಅದಕ್ಕೇ. ಕ್ಯಾಮೆರಾ ಇನ್ನೂ ಕೊಂಡಿರಲಿಲ್ಲ. ಮೊದಲ ತಿಂಗಳು ಕ್ಯಾಮೆರಾ ಬೇಡ ಎಂದು ಮೈಲೇಶ ಸರ್ ಅವರೇ ಹೇಳಿದ್ದರು.

ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತವಳು ನಿರ್ಮಲಾ. ರಾಣೆಬೆನ್ನೂರಿನವಳು, ಬೀಜದ ಕಂಪನಿಯೊಂದರಲ್ಲಿ ಕೆಲಸ. ಅವಳಿಗೊಂದು ಅಭ್ಯಾಸವಿತ್ತು. ಯಾವುದನ್ನೇ ನೋಡಲಿ, ಎಡಗಣ್ಣನ್ನು ತುಸು ಕಿರಿದು ಮಾಡಿ, ತೀರ ಹತ್ತಿರ ಹೋಗಿ ನೋಡುತ್ತಿದ್ದಳು. ಪೆನ್ನಿನ ತುದಿಯನ್ನು ಹಾಗೆ ನೋಡಿದಳು, ಬೆಂಚಿನ ಮೇಲಿನ ಇರುವೆಯನ್ನು ಹಾಗೆ ನೋಡಿದಳು, ಕೊನೆಗೆ ಅವನ ಬ್ಯಾಗನ್ನೂ ಹಾಗೇ ನೋಡಿದಳು.

"ಯಾವ ಕ್ಯಾಮೆರಾರಿ ನಿಮ್ದು?"

ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಬ್ಯಾಗಿನಿಂದ ಎದ್ದ ಆ ಕಣ್ಣು ನೇರ ಅವನ ಮುಖದ ಮೇಲೆ ಬಂದು ನಿಂತಿತ್ತು, ಇನ್ನೂ ತುಸು ಕಿರಿದಾಗಿಯೇ.

"ಮನಿಯೊಳಗಿಂದು ರಿ. ಭಾಳ ದೊಡ್ಡದೇನಲ್ಲ."

ಎಷ್ಟು ವಿನಯವಂತ ಎಂದು ಅವಳು ಅಂದುಕೊಂಡಳು. ಕ್ಲಾಸಿನಲ್ಲಿ ಲೆನ್ಸಿನ ಕಿಂಡಿಯಾದ ಅಪರ್ಚರಿನ ಮಾತು ಬಂದಾಗ ಉಳಿದ ಹತ್ತು ಜನ ಕಣ್ಣು ಕಣ್ಣು ಬಿಟ್ಟರು. ರುದ್ರಮುನಿ ಮಾತ್ರ ತಲೆಯಾಡಿಸುತ್ತಿದ್ದ. ಅದು ಅಂಗಡಿಯ ಚಟ. ಗಿರಾಕಿ ಏನು ಹೇಳಿದರೂ ತಿಳಿದವರಂತೆ ತಲೆಯಾಡಿಸಬೇಕೆಂದು ಅಪ್ಪ ಕಲಿಸಿದ್ದ.

ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲ ಬಳಿ ನಿರ್ಮಲಾ ಅವನನ್ನು ನಿಲ್ಲಿಸಿದಳು. ನಾನೊಂದು ಕ್ಯಾಮೆರಾ ಕೊಳ್ಳಬೇಕು, ಎರಡು ವರ್ಷದಿಂದ ಅದಕ್ಕೆಂದೇ ದುಡ್ಡು ಉಳಿಸಿದ್ದೇನೆ, ಅಂಗಡಿಯವರು ಹೇಳುವುದು ಒಂದೂ ತಿಳಿಯುವುದಿಲ್ಲ, ನೀವು ಆರಿಸಿಕೊಡುತ್ತೀರಾ ಎಂದು ಕೇಳಿದಳು. ಅವನು ಆಗಲೂ ತಲೆಯಾಡಿಸಿದ.

ಆ ದಿನ ಅವನು ಉಪವಾಸ. ಅವಳ ಎದುರು ಬ್ಯಾಗು ತೆಗೆಯುವಂತಿರಲಿಲ್ಲ. ರೊಟ್ಟಿ ಹಾಗೇ ಬ್ಯಾಡಗಿಗೆ ತಿರುಗಿ ಬಂದವು. ಕ್ಲಾಸಿನಲ್ಲಿ ಊಟವನ್ನೂ ಕೊಡುತ್ತಾರೇನು ಎಂದು ದೇವವ್ವ ಕೇಳಿದಳು.

*

ಮರುದಿನ ಅಂಗಡಿಯ ಬಾಗಿಲು ತೆರೆದವನೇ ರುದ್ರಮುನಿ ನಾಲ್ಕು ಅಂಗಡಿ ಆಚೆಗಿನ ಸ್ಟುಡಿಯೋಕ್ಕೆ ಹೋದ. ಅದರ ಮಾಲೀಕ ಇಸಾಕಸಾಬರು ನಲವತ್ತು ವರ್ಷದಿಂದ ಬ್ಯಾಡಗಿಯ ಮದುವೆಗಳ ಫೋಟೋ ತೆಗೆಯುತ್ತ ಬಂದವರು. ಅರ್ಧ ಊರಿನ ಗಂಡ ಹೆಂಡಿರು ಜೀವನದಲ್ಲಿ ಒಮ್ಮೆ ಅವರ ಮಾತು ಕೇಳಿ ಒಬ್ಬರ ಕಡೆ ಒಬ್ಬರು ವಾಲಿದ್ದರು. ಒಳ್ಳೆಯ ಕ್ಯಾಮೆರಾ ಯಾವುದು ಎಂದು ರುದ್ರಮುನಿ ಕೇಳಿದ. ಅವರಿಗೆ ಫೋಟೋ ಎಂದರೆ ಮದುವೆಯೇ. ಕಲ್ಯಾಣಮಂಟಪದಲ್ಲಿ ನೆಂಟರು ಅಡ್ಡ ನಿಲ್ಲುತ್ತಾರೆ, ಆದ್ದರಿಂದ ದೂರದಿಂದ ಎಳೆಯುವ ಉದ್ದ ಲೆನ್ಸೇ ಬೇಕು ಎಂದರು. ತೂಕವಿರಬೇಕು, ಕೈಯಲ್ಲಿ ಹಿಡಿದರೆ ನಾಲ್ಕು ಮಂದಿ ದಾರಿ ಬಿಡಬೇಕು ಎಂದೂ ಸೇರಿಸಿದರು. ರುದ್ರಮುನಿ ಎಲ್ಲವನ್ನೂ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡ.

ಅಲ್ಲಿಂದ ಮೂರು ವಾರ ವಾಟ್ಸಾಪಿನಲ್ಲಿ ಪಾಠ ನಡೆಯಿತು. ನಿರ್ಮಲಾ ಒಂದು ಪ್ರಶ್ನೆ ಕಳಿಸುವಳು. ಗಿರಾಕಿ ಬಂದಿದ್ದಾರೆ, ಈಗ ಹೇಳುತ್ತೇನೆ ಎಂದು ಬರೆದು ಇವನು ಸ್ಟುಡಿಯೋಕ್ಕೆ ಓಡುವನು. ಉತ್ತರ ಕೇಳಿಕೊಂಡು ಓಡಿಬಂದು, ಏದುಸಿರು ಬಿಡುತ್ತ, ನಿಧಾನಸ್ಥನ ಧಾಟಿಯಲ್ಲಿ ಟೈಪ್ ಮಾಡುವನು. ಶುಕ್ರವಾರ ಇಸಾಕಸಾಬರು ನಮಾಜಿಗೆ ಹೋಗಿದ್ದರಿಂದ ಉತ್ತರ ಒಂದು ತಾಸು ತಡವಾಯಿತು. ಶುಕ್ರವಾರ ನಿಮ್ಮಲ್ಲಿ ವ್ಯಾಪಾರ ಜೋರೇನು ಎಂದು ಅವಳು ಕೇಳಿದಳು.

ಬರಬರುತ್ತ ಪ್ರಶ್ನೆಗಳು ಕ್ಯಾಮೆರಾ ಬಿಟ್ಟು ಬೇರೆ ಕಡೆಗೂ ಹೋದವು. ಗೋಣಿಚೀಲಕ್ಕೆ ಆ ವಾಸನೆ ಎಲ್ಲಿಂದ ಬರುತ್ತದೆ, ಮೆಣಸಿನಕಾಯಿ ನಡುವೆ ಬೆಳೆದವರಿಗೂ ಸೀನು ಬರುತ್ತದೆಯೇ ಎಂದೆಲ್ಲ ಕೇಳಿದಳು. ಇವಕ್ಕೆ ಇಸಾಕಸಾಬರು ಬೇಕಿರಲಿಲ್ಲ. ಆ ಉತ್ತರಗಳನ್ನು ಬರೆಯುವಾಗ ಮಾತ್ರ ರುದ್ರಮುನಿಗೆ ಏದುಸಿರಿಲ್ಲದೆಯೂ ಎದೆ ಹೊಡೆದುಕೊಳ್ಳುತ್ತಿತ್ತು.

ಮೂರನೆಯ ಶನಿವಾರ ಇಬ್ಬರೂ ರಾಣೆಬೆನ್ನೂರಿನ ಕ್ಯಾಮೆರಾ ಅಂಗಡಿಗೆ ಹೋದರು. ಅಂಗಡಿಯವರು ಹಗುರವಾದ ಕ್ಯಾಮೆರಾ ಒಂದನ್ನು ತೆಗೆದು, ಚಿಕ್ಕ ಲೆನ್ಸ್ ಹಾಕಿ ಕೊಟ್ಟರು. ನಿರ್ಮಲಾ ಅದನ್ನು ಕಣ್ಣಿಗಿಟ್ಟು ಮೊದಲು ನೋಡಿದ್ದು ತನ್ನದೇ ಹೆಬ್ಬೆರಳ ಉಗುರನ್ನು. ಅವಳ ಮುಖ ಅರಳಿತು. ರುದ್ರಮುನಿ ಆ ಮುಖವನ್ನು ನೋಡಿದನೇ ಹೊರತು, ಅದು ಯಾಕೆ ಅರಳಿತೆಂದು ಯೋಚಿಸಲಿಲ್ಲ. ಚಿಕ್ಕ ಲೆನ್ಸ್ ಬೇಡ, ಉದ್ದದ್ದು ಕೊಡಿ ಎಂದ.

"ನನ್ನ ಕೈಗೆ ದೊಡ್ಡದಾತೇನೋರಿ," ಎಂದಳು ಅವಳು.

"ಕೈಯಾಗ ಹಿಡದ್ರ ನಾಕು ಮಂದಿ ದಾರಿ ಬಿಡಬೇಕ್ರಿ."

ಅವಳು ಅವನನ್ನು ನಂಬಿ ಕ್ಯಾಮೆರಾದ ಜೊತೆ ಉದ್ದ ಲೆನ್ಸನ್ನೇ ಕೊಂಡಳು.

*

ನಿರ್ಮಲಾಳ ಕೆಲಸದ ಹೊಲ ಐರಣಿ ರಸ್ತೆಯಲ್ಲಿತ್ತು. ಬಿಳಿ ಬಲೆಯ ದೊಡ್ಡ ಮನೆಯೊಳಗೆ ಮೆಣಸಿನ ಗಿಡಗಳ ಸಾಲು, ಸಾಲುಗಳ ನಡುವೆ ಬಗ್ಗಿ ಹೈಬ್ರಿಡ್ ಬೀಜಕ್ಕೆ ಕ್ರಾಸಿಂಗ್ ಮಾಡುವ ಇಪ್ಪತ್ತು ಹೆಂಗಸರು. ನಾಳೆ ಅರಳುವ ಮೊಗ್ಗನ್ನು ಇವತ್ತೇ ಚಿಮಟದಿಂದ ತೆರೆದು, ಗಂಡು ಕೇಸರಗಳನ್ನು ಕಿತ್ತು, ನಾಳೆ ಇನ್ನೊಂದು ತಳಿಯ ಪರಾಗವನ್ನು ಮುಟ್ಟಿಸಬೇಕು. ಇವತ್ತೇ ಅರಳಿದ್ದಾದರೆ ಕೆಟ್ಟಿತು, ನಾಡಿದ್ದು ಅರಳುವುದಾದರೆ ಎಳಸು. ಹೊಸಬರಿಗೆ ಈ ವ್ಯತ್ಯಾಸ ಹೇಳಿಕೊಡಲು ಮೊಗ್ಗುಗಳ ದೊಡ್ಡ ಫೋಟೋ ಇರುವ ಚಾರ್ಟು ಬೇಕು ಎಂದು ನಿರ್ಮಲಾ ವರ್ಷದಿಂದ ಕೇಳುತ್ತಿದ್ದಳು. ನೀವೇ ತೆಗೆದುಕೊಡಿ ನೋಡೋಣ, ಹೂ ಮುಗಿಯುವ ಮೊದಲು ಕೊಡಿ, ಇಲ್ಲದಿದ್ದರೆ ಬಿಟ್ಟುಬಿಡಿ ಎಂದು ಮ್ಯಾನೇಜರು ಕೊನೆಗೆ ಒಪ್ಪಿದ್ದರು. ಹೂ ಮುಗಿಯಲು ಎರಡು ವಾರ ಉಳಿದಿತ್ತು.

ಐದಡಿಗಿಂತ ಹತ್ತಿರ ಇದ್ದದ್ದನ್ನು ಆ ಉದ್ದ ಲೆನ್ಸು ನೋಡುತ್ತಲೇ ಇರಲಿಲ್ಲ. ಅವಳು ಮೊಗ್ಗಿನ ಹತ್ತಿರ ಹೋದಳು, ಮಂಜು. ಒಂದು ಹೆಜ್ಜೆ ಹಿಂದೆ ಸರಿದಳು, ಮಂಜು. ಇನ್ನೂ ಸರಿದಾಗ ಹಿಂದಿನ ಸಾಲಿನಲ್ಲಿ ಬಗ್ಗಿದ್ದ ಚೌಡವ್ವನಿಗೆ ಬೆನ್ನು ತಾಗಿ ಇಬ್ಬರೂ ಹಸಿ ಮಣ್ಣಿನಲ್ಲಿ ಕುಳಿತರು. ಹೆಂಗಸರೆಲ್ಲ ಅವತ್ತು ಅದನ್ನೇ ಹೇಳಿಕೊಂಡು ನಕ್ಕರು. ನಿರ್ಮಲಾಳಿಗೆ ಸಿಕ್ಕ ಸ್ಪಷ್ಟ ಫೋಟೋ ಒಂದೇ, ದೂರದಲ್ಲಿ ಬಲೆಯ ಮೇಲೆ ಕುಳಿತಿದ್ದ ಕಾಗೆಯದು.

ಅವಳು ಆ ಮಂಜು ಫೋಟೋಗಳನ್ನು ಕಳಿಸಿ, ಎಲ್ಲಿ ತಪ್ಪಾಗಿದೆ ಎಂದು ಕೇಳಿದಳು. ರುದ್ರಮುನಿ ಮೊಬೈಲ್ ಹಿಡಿದು ಸ್ಟುಡಿಯೋಕ್ಕೆ ಓಡಿದ.

ಇಸಾಕಸಾಬರು ಕನ್ನಡಕ ಏರಿಸಿ ನೋಡಿದರು. "ಇದು ಹೂವಿನ ಮೊಗ್ಗಲ್ಲೇನು? ಇದಕ್ಕ ಆ ಲೆನ್ಸ್ ತಗೋ ಅಂತ ಯಾವ ಹುಚ್ಚ ಹೇಳ್ಯಾನ?"

"ನೀವ ಹೇಳಿದ್ರಿ."

"ನೀ ಮೊಗ್ಗು ಅಂದಿಯೇನು ನನಗ?"

ರುದ್ರಮುನಿ ಬಗ್ಗಿ ಆ ಮಂಜು ಫೋಟೋವನ್ನು ತಾನೂ ನೋಡಿದ. ಅವಳು ಏನನ್ನು ತೆಗೆಯಬೇಕೆಂದಿದ್ದಾಳೆ ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ತಿಂಗಳಿಂದ ಉತ್ತರ ಕೊಟ್ಟಿದ್ದೇ ಕೊಟ್ಟಿದ್ದು.

"ಒಬ್ಬರ ಕಣ್ಣಿಗೆ ಏನ್ ಬೇಕಂತ ಕೇಳಲಾರದ ಅವರಿಗೆ ಕ್ಯಾಮೆರಾ ಕೊಡಸ್ತಾರೇನಪಾ," ಎಂದು ಇಸಾಕಸಾಬರು ಮೊಬೈಲನ್ನು ಅವನ ಕೈಗೆ ತಿರುಗಿ ಕೊಟ್ಟರು.

*

ಐದನೆಯ ಭಾನುವಾರ ಅವನು ಎಲ್ಲವನ್ನೂ ಹೇಳಿಬಿಡಬೇಕೆಂದೇ ಹಾವೇರಿಗೆ ಬಂದ. ನಿರ್ಮಲಾ ಮೆಟ್ಟಿಲ ಮೇಲೆಯೇ ಕಾಯುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ, ಎರಡು ದಿನದ ಮಟ್ಟಿಗೆ ನಿಮ್ಮ ಕ್ಯಾಮೆರಾ ಕೊಡಿ, ಚಿಕ್ಕದು ಎಂದಿದ್ದಿರಲ್ಲ, ಬಹುಶಃ ಅದರಿಂದ ಆಗುತ್ತದೆ ಎಂದು ಕೇಳಿದಳು.

ರುದ್ರಮುನಿ ಬ್ಯಾಗನ್ನು ಹೆಗಲಿನಿಂದ ಇಳಿಸಿ ಅವಳ ಕೈಗೆ ಕೊಟ್ಟ. ಹೇಳುವ ಧೈರ್ಯ ಅವನಿಗೆ ಅಷ್ಟೇ ಇತ್ತು.

ಅವಳು ಜಿಪ್ಪು ಎಳೆದಳು. ಎಡಗಣ್ಣು ಕಿರಿದು ಮಾಡಿ, ಹತ್ತಿರದಿಂದ, ಬಹಳ ಹೊತ್ತು ರೊಟ್ಟಿಗಳನ್ನು ನೋಡಿದಳು.

"ಒಂದ ತಿಂಗಳಿಂದ ಇದನ್ನ ಹಾಕ್ಕೊಂಡ ಬರಾಕತ್ತೀರೇನು?"

"ಹೌದ್ರಿ."

"ಉತ್ತರ ಯಾರ ಹೇಳತಿದ್ರು?"

ಇಸಾಕಸಾಬರ ವಿಷಯ, ನಾಲ್ಕು ಅಂಗಡಿ ಆಚೆಗಿನ ಓಟ, ಶುಕ್ರವಾರದ ನಮಾಜು, ಎಲ್ಲವನ್ನೂ ಅವನು ಹೇಳಿದ. ಅವಳ ತುಟಿ ಒಮ್ಮೆ ಅಲುಗಿತು. ನಗು ಬಂತೇನೋ ಎಂದು ಅವನು ಆಸೆಪಟ್ಟ. ಆದರೆ ಅವಳು ಜಿಪ್ಪು ಮುಚ್ಚಿ, ಬ್ಯಾಗು ತಿರುಗಿ ಕೊಟ್ಟು, ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತಳು. ಅವತ್ತು ಮೈಲೇಶ ಸರ್ ಏನು ಹೇಳಿದರೂ ರುದ್ರಮುನಿ ತಲೆಯಾಡಿಸಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅಪ್ಪನನ್ನು ಕೂರಿಸಿ ಅವನು ಐರಣಿ ರಸ್ತೆಯ ಹೊಲಕ್ಕೆ ಹೋದ. ಬಲೆಯ ಬಾಗಿಲಲ್ಲಿ ನಿರ್ಮಲಾ ಅವನನ್ನು ನೋಡಿ, ಏನು ಬೇಕಿತ್ತು ಎಂದು ಅಪರಿಚಿತರನ್ನು ಕೇಳುವಂತೆ ಕೇಳಿದಳು.

"ನೀವು ಏನ್ ನೋಡ್ತೀರಿ ಅನ್ನೂದನ್ನ ನೋಡಾಕ ಬಂದೇನ್ರಿ. ಮೊದಲ ಕೇಳಬೇಕಿತ್ತು."

ಅವಳು ಬಾಗಿಲಿನಿಂದ ಸರಿದು ಅವನನ್ನು ಒಳಗೆ ಬಿಟ್ಟಳು. ಒಂದು ಗಿಡದ ಬಳಿ ಬಗ್ಗಲು ಸನ್ನೆ ಮಾಡಿದಳು. ಎಲೆಯ ಕೆಳಗೆ, ಹೆಸರುಕಾಳಿಗಿಂತ ತುಸು ದೊಡ್ಡದಾದ ಬೆಳ್ಳನೆಯ ಮೊಗ್ಗು ತಲೆಕೆಳಗಾಗಿ ತೂಗುತ್ತಿತ್ತು. ಪಕ್ಕದಲ್ಲಿ ಅರಳಿದ್ದೊಂದು, ಪುಟ್ಟ ನಕ್ಷತ್ರದಂತೆ. ಹುಟ್ಟಿದಾಗಿನಿಂದ ಮೆಣಸಿನಕಾಯಿ ಘಾಟಿನಲ್ಲೇ ಬೆಳೆದ ರುದ್ರಮುನಿ ಮೆಣಸಿನ ಹೂವನ್ನು ಇಷ್ಟು ಹತ್ತಿರದಿಂದ ಅವತ್ತೇ ನೋಡಿದ್ದು. ಹಾಗೆಂದು ಅವಳಿಗೆ ಹೇಳಿದ. ಅದು ಸುಳ್ಳಲ್ಲವೆಂದು ಅವಳಿಗೆ ಮುಖ ನೋಡಿಯೇ ತಿಳಿಯಿತು.

ನಾಳೆ ಅರಳುವ ಮೊಗ್ಗು ಯಾವುದು ತೋರಿಸು ಎಂದು ಚೌಡವ್ವ ಅವನಿಗೆ ಪರೀಕ್ಷೆ ಇಟ್ಟಳು. ಅವನು ತೋರಿಸಿದ್ದೆಲ್ಲ ನಾಡಿದ್ದಿನವು. ಮತ್ತೆ ಆರಿಸಿದ, ಇವತ್ತಿನವು.

"ಹುಡುಗಿ ಮಾರಿ ನೋಡಕೋತ ಮೊಗ್ಗ ಆರಿಸಿದ್ರ ಹಿಂಗ ಆಕ್ಕೈತಿ," ಎಂದಳು ಚೌಡವ್ವ.

ಸಾಲಿನ ಉದ್ದಕ್ಕೂ ನಗು ಹರಿಯಿತು. ನಿರ್ಮಲಾ ದುಪಟ್ಟಾ ಮುಖಕ್ಕೆ ಅಡ್ಡ ಹಿಡಿದು ಬೇರೆ ಗಿಡದ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿದ್ದುದು ಅವನಿಗೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಹತ್ತರಲ್ಲಿ ಏಳು ಮೊಗ್ಗುಗಳನ್ನು ಅವನು ಸರಿಯಾಗಿ ಹೇಳತೊಡಗಿದ.

ಸಂಜೆ ಇಬ್ಬರೂ ಮತ್ತೆ ಅದೇ ಅಂಗಡಿಗೆ ಹೋದರು. ಈ ಸಲ ಮಾತಾಡಿದವಳು ನಿರ್ಮಲಾ. ಎಷ್ಟು ಚಿಕ್ಕದು, ಎಷ್ಟು ಹತ್ತಿರ, ನಿಲ್ಲಲು ಎಷ್ಟು ಜಾಗ, ಎಲ್ಲವನ್ನೂ ಕೈಯಲ್ಲಿ ಅಳತೆ ಮಾಡಿ ತೋರಿಸಿದಳು. ಅಂಗಡಿಯವರು ಹತ್ತಿರದ್ದನ್ನು ನೋಡುವ ಒಂದು ಹಳೆಯ ಲೆನ್ಸ್ ತೆಗೆದರು. ಅವಳ ಕ್ಯಾಮೆರಾಕ್ಕೆ ಅದು ಸರಿಯಾಗಿ ಕೂತಿತು. ಆದರೆ ಬಳಸಿದ ಉದ್ದ ಲೆನ್ಸನ್ನು ಅಂಗಡಿಯವರು ತಿರುಗಿ ತೆಗೆದುಕೊಳ್ಳಲಿಲ್ಲ, ಇದನ್ನು ಕೊಳ್ಳಲು ಅವಳಲ್ಲಿ ದುಡ್ಡು ಉಳಿದಿರಲಿಲ್ಲ. ರುದ್ರಮುನಿ ಮುಂದೆ ಬಂದ.

"ನನಗ ಯಾರೂ ಕೊಡಸೂದು ಬ್ಯಾಡ್ರಿ," ಎಂದಳು ಅವಳು.

"ನಿಮಗಲ್ರಿ, ನನಗ. ಕ್ಲಾಸಿಗೆ ನನಗೂ ಬೇಕಲ್ಲ."

"ಕ್ಯಾಮೆರಾ ಇಲ್ದ ಬರೇ ಲೆನ್ಸ್ ತಗೊಂಡ ಏನ್ ಮಾಡ್ತೀರಿ?"

"ಕ್ಯಾಮೆರಾ ಇದ್ದವ್ರನ್ನ ಕೇಳ್ತೇನಿ."

ಅಂಗಡಿಯವರು ನಗು ಮರೆಸಲು ಮೋರೆ ತಿರುಗಿಸಿಕೊಂಡು ಕಪಾಟಿನ ಗಾಜು ಒರೆಸತೊಡಗಿದರು.

*

ಎರಡು ಬೆಳಗಿನಲ್ಲಿ ಫೋಟೋಗಳೆಲ್ಲ ಆದವು. ಗಿಡ ಅಲುಗದಂತೆ ರುದ್ರಮುನಿ ಕೊಂಬೆ ಹಿಡಿದ, ನಿರ್ಮಲಾ ಉಸಿರು ಬಿಗಿಹಿಡಿದು ಒತ್ತಿದಳು. ಚಾರ್ಟು ಬಂದು ಬಲೆಮನೆಯ ಬಾಗಿಲಲ್ಲಿ ತೂಗಿತು. ಒಂದೊಂದು ಮೊಗ್ಗೂ ಬದನೆಕಾಯಿಯಷ್ಟು ದೊಡ್ಡದು. ಚೌಡವ್ವ ಅದರ ಮುಂದೆ ನಿಂತು, ಮೂವತ್ತು ವರ್ಷ ಇವುಗಳ ಜೊತೆಗೇ ಇದ್ದರೂ ಇಷ್ಟು ಚೆಂದ ಎಂದು ಗೊತ್ತಿರಲಿಲ್ಲ ಎಂದಳು.

ಕ್ಲಾಸಿನಲ್ಲಿ ಈಗ ಎಲ್ಲರ ಕೈಯಲ್ಲೂ ಒಂದೊಂದು ಕ್ಯಾಮೆರಾ. ಇವರಿಬ್ಬರ ನಡುವೆ ಮಾತ್ರ ಒಂದೇ. ವಾರದ ದಿನಗಳಲ್ಲಿ ಕ್ಯಾಮೆರಾ ರಾಣೆಬೆನ್ನೂರಿನಲ್ಲಿ, ಲೆನ್ಸ್ ಬ್ಯಾಡಗಿಯಲ್ಲಿ. ಹೀಗಾಗಿ ಫೋಟೋ ತೆಗೆಯುವ ಮನಸ್ಸಾದಾಗೆಲ್ಲ ನಿರ್ಮಲಾ ಲೆನ್ಸಿಗೆಂದು ಬ್ಯಾಡಗಿಗೆ ಬರಬೇಕಾಗುತ್ತಿತ್ತು. ಅವಳ ಹತ್ತಿರವೇ ಲೆನ್ಸ್ ಬಿಟ್ಟಿದ್ದರಾಗುತ್ತಿತ್ತು. ಅದು ಇಬ್ಬರಿಗೂ ತಿಳಿದಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

ಅವಳು ಮೂರನೆಯ ಸಲ ಬಂದಾಗ ದೇವವ್ವ ಊಟ ಬಡಿಸಿ, ಇದು ಬಹಳ ಓಡಾಟ ಆಯಿತಲ್ಲವ್ವ ಎಂದಳು. ಊಟ ಮುಗಿಸಿ ನಿರ್ಮಲಾ ಬಸ್‌ಸ್ಟ್ಯಾಂಡಿಗೆ ಹೊರಟಳು. ರುದ್ರಮುನಿ ಲೆನ್ಸ್ ಹಿಡಿದು ಜೊತೆಗೆ ನಡೆದ. ರಾಣೆಬೆನ್ನೂರಿನ ಬಸ್ಸು ಇನ್ನೂ ಬಂದಿರಲಿಲ್ಲ.

"ನಿಮ್ಮ ಅವ್ವಾರು ಹೇಳಿದ್ದು ಖರೇ," ಎಂದಳು ಅವಳು, ರಸ್ತೆಯ ಕಡೆ ನೋಡುತ್ತ. "ಎರಡೂ ಒಂದ ಮನ್ಯಾಗ ಇದ್ರ ಛಲೋ."

"ಲೆನ್ಸ್, ಕ್ಯಾಮೆರಾ ಎರಡೂನ್ರಿ?"

"ಬೇಕಾದ್ರ ಹಂಗ ತಿಳ್ಕೋರಿ."

ಅವಳು ತಿರುಗಿ ನೋಡಿದಳು. ಎಡಗಣ್ಣು ಕಿರಿದಾಗಿತ್ತು. ಇಷ್ಟು ಹತ್ತಿರದಿಂದ ತನ್ನನ್ನು ಯಾರೂ ನೋಡಿರಲಿಲ್ಲ ಎಂದು ರುದ್ರಮುನಿಗೆ ಅನಿಸಿತು.  ಅಷ್ಟರಲ್ಲಿ ಬಸ್ಸು ಬಂತು. ನಿರ್ಮಲಾ ಹತ್ತಿದಳು, ಬಸ್ಸು ಹೊರಟಿತು. ಲೆನ್ಸ್ ಅವನ ಕೈಯಲ್ಲೇ ಉಳಿದಿತ್ತು.

ಅವನು ಓಡಿದ. ಕಂಡಕ್ಟರು ಬೈಯುತ್ತಲೇ ಬಾಗಿಲು ತೆರೆದು ಹತ್ತಿಸಿಕೊಂಡ. ಲೆನ್ಸ್ ಕೊಟ್ಟು ಇಳಿಯುತ್ತಾನೆಂದು ಬಸ್ಸು ನಿಧಾನವಾಯಿತು. ನಿರ್ಮಲಾ ಲೆನ್ಸಿಗೆ ಕೈ ಚಾಚಲಿಲ್ಲ. ಕಿಟಕಿಯ ಕಡೆ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

"ನಮ್ಮ ಅವ್ವನ್ನ ಏನ್ ಅಂತ ಕೇಳ್ತೀರಿ?" ಎಂದಳು.

"ಮೊದಲ ನಿಮ್ಮನ್ನ ಕೇಳ್ತೇನ್ರಿ," ಎಂದು ರುದ್ರಮುನಿ ಕುಳಿತ. ಕೇಳಿದ. ಮೋಟೆಬೆನ್ನೂರು ದಾಟುವವರೆಗೂ ಅವಳು ಹೊರಗೆ ನೋಡುತ್ತ ನಗುತ್ತಲೇ ಇದ್ದಳು. ಆಮೇಲೆ ಹೂಂ ಎಂದಳು. ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದಾಗ, ರಾಣೆಬೆನ್ನೂರಿಗೆ ಎರಡು ಟಿಕೆಟ್ ಎಂದವಳೂ ಅವಳೇ.