ಜಾರಿ ಬಿದ್ದಳು ಅಂದರು

"ರೀ... ಕೈ ತೆಗೀರಿ! ಹರಿದುಹೋಗುತ್ತೆ ಅದು!"

ಹಿಂದಿನಿಂದ ಬಂದ ಗಂಡಸಿನ ದನಿಗೆ ನಂದಿತಾ ತಿರುಗಿಯೂ ನೋಡಲಿಲ್ಲ. ಗೋಡೆಯ ಮೇಲಿದ್ದ ಎಕ್ಸ್‌ರೇ ಫಿಲ್ಮಿನ ಅಂಚು ಹಿಡಿದು ಎಳೆಯುತ್ತಲೇ ಇದ್ದಳು.

ಕುಕ್ ಟೌನಿನ ಹಳೇ ಬಂಗಲೆಯೊಂದರ ಹಾಲ್‌ನಲ್ಲಿ ನಡೆಯುತ್ತಿದ್ದ ಕಲಾಪ್ರದರ್ಶನ ಅದು. ಗೋಡೆ ತುಂಬಾ ಒಂದೇ ಕೃತಿ. ನಲವತ್ತು ಹಳೇ ಎಕ್ಸ್‌ರೇ ಫಿಲ್ಮುಗಳನ್ನು ಕೌದಿಯ ಹಾಗೆ ಒಂದಕ್ಕೊಂದು ಸೇರಿಸಿ ಹೊಲಿದಿದ್ದರು. ಹಿಂದೆ ಟ್ಯೂಬ್‌ಲೈಟಿನ ಬೆಳಕು. ಫಿಲ್ಮುಗಳ ಮೇಲೆ ಬಳೆಚೂರು, ಪ್ಲಾಸ್ಟರ್ ಪಟ್ಟಿ, ಪೇಪರಿನಿಂದ ಕತ್ತರಿಸಿದ ಶ್ರದ್ಧಾಂಜಲಿ ಫೋಟೋಗಳು. ಕೆಳಗೊಂದು ಚೀಟಿ: 'ನಶ್ವರ. ಕಲಾವಿದ: ಸುಗತ.'

ನಂದಿತಾ ಜೀವನ್ ಬಿಮಾ ನಗರದ ಸ್ಕ್ಯಾನಿಂಗ್ ಸೆಂಟರ್ ಒಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. "ನಮ್ ಫಿಲ್ಮಲ್ಲೇ ಆರ್ಟ್ ಮಾಡಿದಾರಂತೆ ಕಣೇ, ಬಾ ನೋಡೋಣ" ಅಂತ ಜೊತೆಗೆ ಕೆಲಸ ಮಾಡುವ ಸುಮೈರಾ ಎಳಕೊಂಡು ಬಂದಿದ್ದಳು. ನಗುನಗುತ್ತಾ ಬಂದ ನಂದಿತಾ, ಕೃತಿಯ ನಟ್ಟನಡುವೆ ಇದ್ದ ಫಿಲ್ಮ್ ನೋಡಿ ಕಲ್ಲಾಗಿಬಿಟ್ಟಳು.

ಒಂದು ಎದೆಗೂಡು. ಪಕ್ಕೆಲುಬುಗಳ ಗುಂಟ ಬಂಗಾರದ ರೇಕು. ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ... ಯಮುನಾ ಎಂ., ಮೂವತ್ತು ವರ್ಷ, ಹೆಣ್ಣು. ಎಡಭುಜದ ಹತ್ತಿರ, ಚಿಕ್ಕಂದಿನಲ್ಲಿ ಸೈಕಲ್ಲಿಂದ ಬಿದ್ದು ಮುರಿದು ಕೂಡಿಕೊಂಡಿದ್ದ ಮೂಳೆಯ ಗಂಟು.

ಅಕ್ಕ! ಎರಡು ವರ್ಷದ ಹಿಂದೆ ಕೆ.ಆರ್. ಪುರದ ಗಂಡನ ಮನೆಯಲ್ಲಿ, ಮೆಟ್ಟಿಲಿಂದ ಜಾರಿ ಬಿದ್ದು ತೀರಿಕೊಂಡ ಅವಳ ಯಮುನಕ್ಕ!

"ಇದು ಎಲ್ಲಿ ಸಿಕ್ತು ನಿಮಗೆ?" ಈಗ ನಂದಿತಾ ತಿರುಗಿದಳು.

ಎದುರಿಗೆ ಗಡ್ಡದ, ತೆಳ್ಳಗಿನ ಮನುಷ್ಯ. ಬೆರಳ ತುದಿಯಲ್ಲೆಲ್ಲ ಒಣಗಿದ ಅಂಟು. ಅವನೇ ಸುಗತ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು.

"ಶಿವಾಜಿನಗರದ ಗುಜರಿ ಅಂಗಡೀಲಿ. ತೂಕಕ್ಕೆ ಹಾಕಿ ತಂದಿದ್ದು... ಯಾಕ್ರೀ?"

"ಇದನ್ನೇ ಯಾಕೆ ನಡುವೆ ಇಟ್ರಿ?"

"ಎಲ್ಲದರಲ್ಲೂ ಇದೇ ಚಂದ ಅನ್ನಿಸ್ತು."

"ಚಂದಾನಾ?" ಅವಳು ಫಿಲ್ಮಿನ ಹತ್ತಿರ ಸರಿದಳು. "ನೀವು ಬಂಗಾರ ಹಚ್ಚಿರೋದು ಯಾವುದಕ್ಕೆ ಗೊತ್ತಾ? ಮುರಿದು ಕೂಡಿಕೊಂಡಿರೋ ಪಕ್ಕೆಲುಬಿಗೆ! ನೋಡಿ, ಇದು ಹಳೇದು. ಇದು ಅದಾದ ಮೇಲಿಂದು. ಇದು ಇನ್ನೂ ಕೂಡೇ ಇಲ್ಲ, ಹೊಸದು. ಮೂರು ಏಟು, ಮೂರು ಬೇರೆ ಬೇರೆ ಸಲ. ಯಾರೂ... ಯಾರೂ ಮೂರು ಸಲ ಒಂದೇ ಪಕ್ಕಕ್ಕೆ ಜಾರಿ ಬೀಳಲ್ಲ..."

ಹೇಳುತ್ತಾ ಹೇಳುತ್ತಾ ಅವಳಿಗೇ ಗೊತ್ತಾಗುತ್ತಿತ್ತು. ಪ್ರತಿ ಮಾತೂ ಮೊದಲು ಅವಳ ಕಿವಿಗೇ ಬೀಳುತ್ತಿತ್ತು.

"ಇವರು ನಿಮಗೆ..." ಸುಗತ ಮೆಲ್ಲಗೆ ಕೇಳಿದ.

"ನಮ್ಮಕ್ಕ. ಈಗಿಲ್ಲ." ಅವಳು ಮೇಲಿನ ಇನ್ನೊಂದು ಫಿಲ್ಮಿಗೆ ಬೆರಳು ಮಾಡಿದಳು. "ಆ ಮುಂಗೈ ನೋಡಿ. ತಲೆ ಮೇಲೆ ಬೀಳೋ ಏಟಿಗೆ ಅಡ್ಡ ಹಿಡಿದ್ರೆ ಮುರಿಯೋ ಜಾಗ ಅದು. ನೀವು ಅಲ್ಲಿ ಬಳೆಚೂರು ಅಂಟಿಸಿದೀರ. ನಶ್ವರ ಅಂತೆ! ಇಲ್ಲಿರೋದು ಬರೀ ಸಾವಲ್ಲ ಕಣ್ರೀ. ಹೊಡೆದಿರೋದು... ಮನುಷ್ಯರು ಮನುಷ್ಯರನ್ನ ಹೊಡೆದಿರೋದು!"

ಸುಗತನ ಮುಖ ಬಿಳಿಚಿಕೊಂಡಿತು. ಒಂದು ವರ್ಷ ಆ ಎಲುಬುಗಳ ಜೊತೆ ಕೂತಿದ್ದ. ಒಂದು ದಿನವೂ ಅವನಿಗೆ ಅದು ಕಂಡಿರಲಿಲ್ಲ.

"ಕೊಡಿ ಅದನ್ನ."

"ಅಂಟು ಗಟ್ಟಿಯಾಗಿದೆ, ಈಗ ಕಿತ್ರೆ ಹರಿಯುತ್ತೆ. ನಾಳೆ ಸಂಜೆ ಬನ್ನಿ, ಬಿಡಿಸಿ ನಿಮ್ಮ ಕೈಗೇ ಕೊಡ್ತೀನಿ."

ನಂಬಬೇಕೋ ಬೇಡವೋ ಗೊತ್ತಾಗದೆ ನಂದಿತಾ ಹೊರಟಳು.

ಆಟೋದಲ್ಲಿ ಸುಮೈರಾ ಏನೇನೋ ಕೇಳುತ್ತಿದ್ದಳು. ನಂದಿತಾಗೆ ಒಂದೂ ಕೇಳಿಸಲಿಲ್ಲ. ನೆನಪಾದದ್ದು ಒಂದು ಮಧ್ಯಾಹ್ನ. ಅಕ್ಕ ಸೆಂಟರಿಗೆ ಬಂದು ಬೆಂಚಿನ ಮೇಲೆ ಕೂತಿದ್ದಳು.

'ನಂದೂ, ಎಕ್ಸ್‌ರೇ ತೆಗೆದ್ರೆ ಹಳೇ ಪೆಟ್ಟೂ ಕಾಣುತ್ತಾ?'

'ಕಾಣುತ್ತೆ. ಯಾಕೆ?'

'ಸುಮ್ನೆ ಕೇಳ್ದೆ ಕಣೇ.'

ಹೊರಗೆ ಪೇಷಂಟುಗಳ ಸಾಲಿತ್ತು. ನಂದಿತಾ ಮುಂದೆ ಕೇಳಲಿಲ್ಲ. ಆಮೇಲೆ ಅಕ್ಕ ಆ ಸೆಂಟರಿಗೆ ಬರಲೇ ಇಲ್ಲ. ತಂಗಿ ಕೈಯಲ್ಲೇ ಮಷೀನಿದ್ದರೂ ಬೇರೆಲ್ಲೋ ಹೋಗಿ ತೆಗೆಸಿಕೊಂಡಿದ್ದಾಳೆ... ತಂಗಿಗೆ ಕಾಣಬಾರದು ಅಂತ!

ಇದಕ್ಕಿಂತ ಕಹಿಯಾದದ್ದು ಇನ್ನೊಂದಿತ್ತು. ಎರಡು ತಿಂಗಳಲ್ಲಿ ನಂದಿತಾ ಮದುವೆಯಾಗಬೇಕಿದ್ದದ್ದು ಅಕ್ಕನ ಗಂಡ ಮಧುಕರನನ್ನೇ! 'ತಾಯಿಲ್ಲದ ಮಗು, ಹೊರಗಿನವಳು ಬಂದು ನೋಡ್ಕೋತಾಳಾ?' ಅಂತ ಅಮ್ಮ ಒಂದು ವರ್ಷ ಅತ್ತು ಕರೆದು ಒಪ್ಪಿಸಿದ್ದಳು. ಅಕ್ಕನ ಆರು ವರ್ಷದ ಮಗಳು ಮಿತ್ರಾಳ ಮುಖ ನೋಡಿ ನಂದಿತಾ ಹೂಂ ಅಂದಿದ್ದಳು.

ಜೋಗುಪಾಳ್ಯದ ಮನೆಯಲ್ಲಿ ಅಮ್ಮ ಮುನಿಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಅಮ್ಮಾ, ಅಕ್ಕನ ಎಕ್ಸ್‌ರೇ ಗುಜರಿಗೆ ಹಾಕಿದ್ದು ಯಾರು?"

ಅಮ್ಮನ ಕೈ ನಿಂತಿತು. "ಅವ್ಳ ಸಾಮಾನಿನ ಟ್ರಂಕಲ್ಲಿತ್ತು. ಹಳೇ ಪೇಪರ್ ಜೊತೆ ಹಾಕ್ದೆ. ಯಾಕೆ?"

"ಮನೇಲಿ ಎಕ್ಸ್‌ರೇ ಓದೋಳು ನಾನಿದ್ದೆ. ನನಗ್ಯಾಕೆ ತೋರಿಸ್ಲಿಲ್ಲ?"

ಅಮ್ಮ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮಾ... ನಿನಗೆ ಗೊತ್ತಿತ್ತಾ?"

"ಮೂರ್ ಸಲ ಬಂದು ಹೇಳಿದ್ಳು." ಅಮ್ಮ ತಲೆ ಎತ್ತಲಿಲ್ಲ. "ಮೂರ್ ಸಲಾನೂ ನಾನೇ ಸಮಾಧಾನ ಮಾಡಿ ವಾಪಸ್ ಕಳಿಸ್ದೆ. ಸರಿಹೋಗ್ತಾನೆ ಅಂದ್ಕೊಂಡೆ."

"ಗೊತ್ತಿದ್ದೂ ನನ್ನನ್ನ ಅವನಿಗೇ ಕೊಡೋಕೆ ಹೊರಟಿದ್ದೆಯಾ?"

"ನೀನು ಗಟ್ಟಿಗಿತ್ತಿ. ನಿನ್ ಮೇಲೆ ಕೈ ಎತ್ತಲ್ಲ ಅಂತ..." ಅಮ್ಮ ಅಳತೊಡಗಿದಳು. "ಆ ಮಗು ಅಲ್ಲಿದೆಯಲ್ಲೇ!"

ನಂದಿತಾಗೆ ಕಣ್ಣೀರೇ ಬರಲಿಲ್ಲ. ಫೋನ್ ತೆಗೆದು ಮಧುಕರನಿಗೆ ಹೇಳಿದಳು: "ಈ ಮದುವೆ ಆಗಲ್ಲ. ಅಕ್ಕನ ಪಕ್ಕೆಲುಬು ನೋಡಿದೆ ಭಾವ."

ಆ ಕಡೆಯಿಂದ ತಣ್ಣಗಿನ ದನಿ. "ಅವಳಿಗೆ ತಲೆ ಸುತ್ತು ಬರ್ತಿತ್ತು. ಬೀಳ್ತಾನೇ ಇದ್ಳು. ಸತ್ತೋಳ ಹೆಸರು ಕೆಡಿಸ್ಬೇಡ."

ಮರುದಿನ ಸಂಜೆ ಓಡೋಡಿ ಕುಕ್ ಟೌನಿಗೆ ಹೋದರೆ ಗೋಡೆ ಖಾಲಿ! ಕಾವಲಿನ ಚಲುವಯ್ಯ ಬಾಗಿಲಲ್ಲಿ ಕೂತಿದ್ದ.

"ಬೆಳಗ್ಗೇನೇ ವ್ಯಾನಲ್ಲಿ ಹಾಕ್ಕೊಂಡು ಹೋದ್ರಮ್ಮ. ಸೇಲ್ ಆಯ್ತು ಅಂತ ಕಾಣುತ್ತೆ."

ಸೇಲ್...! ನಂದಿತಾಗೆ ನಗು ಬಂತು, ಕೆಟ್ಟ ನಗು. 'ಇವನೂ ಅಷ್ಟೇ. ಅಮ್ಮ ತೂಕಕ್ಕೆ ಹಾಕಿದಳು, ಇವನು ಬಂಗಾರ ಹಚ್ಚಿ ಮಾರಿದ. ನನ್ನ ಅಕ್ಕನನ್ನ ಇನ್ನೆಷ್ಟು ಸಲ ಮಾರ್ತಾರೆ?'

ಒಂದು ದಿನ, ಎರಡು ದಿನ... ಸುಗತನ ಸುಳಿವಿಲ್ಲ. ನಂದಿತಾ ಅವನನ್ನು ಮನಸ್ಸಿನಲ್ಲೇ ನೂರು ಸಲ ಬೈದಳು. ಆದರೆ ಆ ಬಿಳಿಚಿದ ಮುಖ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ.

ಆರನೇ ದಿನ ಸೆಂಟರಿನ ಬಾಗಿಲು ತಳ್ಳಿಕೊಂಡು ಅವನೇ ಬಂದ. ಅಂಗಿ ತುಂಬಾ ಕಪ್ಪು ಕಲೆ. ಬಗಲಲ್ಲಿ ಬಟ್ಟೆ ಸುತ್ತಿದ ಕಟ್ಟು.

"ಮಾರಿ ಮುಗೀತಾ?" ನಂದಿತಾ ಸಿಡಿದಳು. "ಈಗೇನು, ಥ್ಯಾಂಕ್ಸ್ ಹೇಳೋಕೆ ಬಂದ್ರಾ?"

"ಮಾರೋದಾ? ಬಿಡಿಸೋಕೆ ಅಂತ ಮನೆಗೆ ಒಯ್ದಿದ್ದೆ. ಚಲುವಯ್ಯಂಗೆ ಹೇಳಿದ್ನಲ್ಲ, ನಿಮ್ಮ ನಂಬರ್ ಇಸ್ಕೊಳಿ ಅಂತ. ವಿಸಿಟರ್ಸ್ ಬುಕ್ಕಲ್ಲಿ ನಿಮ್ಮ ಫ್ರೆಂಡ್ ಬರೆದಿದ್ದ ಸೆಂಟರ್ ಹೆಸರು ನೋಡಿ ಬಂದೆ..." ಅವನು ತಬ್ಬಿಬ್ಬಾದ. ನಿಧಾನವಾಗಿ ಕಟ್ಟು ಬಿಚ್ಚಿದ. ಒಳಗೆ ಅಕ್ಕನ ಫಿಲ್ಮ್. ಬಂಗಾರದ ರೇಕನ್ನು ಒಂದು ಚೂರೂ ಉಳಿಯದಂತೆ ಬಿಡಿಸಿದ್ದ. ಅದರ ಕೆಳಗೆ ಇನ್ನೆರಡು ಫಿಲ್ಮ್!

ಯಮುನಾ ಎಂ. ಯಮುನಾ ಎಂ. ಬೇರೆ ಬೇರೆ ತಾರೀಕು. ಒಂದರಲ್ಲಿ ಮಣಿಕಟ್ಟು, ಇನ್ನೊಂದರಲ್ಲಿ ದವಡೆ.

"ಮೂರು ಸಲ ಏಟು ಬಿದ್ದೋರದ್ದು ಒಂದೇ ಫಿಲ್ಮ್ ಇರಲ್ಲ ಅನ್ನಿಸ್ತು. ಗುಜರಿಯ ಚಾಂದ್ ಪಾಷಾ ಮೊದಲು ಬೈದ್ರು, 'ಅರೆ ಸಾಬ್, ಆ ಮೂಟೆ ಫಿಲ್ಮ್ ತೊಳೆದು ಬೆಳ್ಳಿ ತೆಗೆಯೋರಿಗೆ ಹೋಯ್ತು' ಅಂತ. ವಿಷಯ ಹೇಳ್ದೆ. ಅಂಗಡಿ ಮುಚ್ಚಿ ಅವರೇ ಜೊತೆಗೆ ಬಂದ್ರು. ಫಿಲ್ಮ್ ತೊಳೆಯೋ ಶೆಡ್ಡಲ್ಲಿ ಐದು ದಿನ ಒಂದೊಂದೇ ತೆಗೆದು ಹೆಸರು ನೋಡಿದ್ವಿ. ತೊಳೆದುಹೋಗಿದ್ದೂ ಇರಬಹುದು. ಸಿಕ್ಕಿದ್ದು ಇಷ್ಟೇ... ಸಾರಿ."

ಅಕ್ಕನ ಮಣ್ಣಿನ ದಿನವೂ ಅಳದೆ ಗಟ್ಟಿಯಾಗಿ ನಿಂತಿದ್ದ ನಂದಿತಾ, ಆವತ್ತು ಎಕ್ಸ್‌ರೇ ರೂಮಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸುಗತ ಹೊರಗೆ ಬೆಂಚಿನ ಮೇಲೆ ಸುಮ್ಮನೆ ಕಾದ.

ಅಲ್ಲಿಂದ ಶುರುವಾದದ್ದು ಪ್ರೀತಿ ಅನ್ನುವಂತಿರಲಿಲ್ಲ. ಸ್ಟೇಷನ್ನಿನ ಬೆಂಚು, ವಕೀಲರ ಮೆಟ್ಟಿಲು, ಪೇಪರ್ ಲೋಟದ ಟೀ. ಪೊಲೀಸರು ದೂರು ಬರೆದುಕೊಂಡರು. "ಮೂಳೆ ಮುರಿದಿದೆ ಅಂತ ಇದು ಹೇಳುತ್ತಮ್ಮ. ಮುರಿದೋನು ಯಾರು ಅಂತ ಹೇಳಲ್ವಲ್ಲ" ಅಂದರು. ಸುಗತ ಪ್ರತಿ ಸಲ ಶಾಲೆ ಮುಗಿಸಿ ಬರುತ್ತಿದ್ದ.

ಒಂದು ದಿನ ಅವನೇ ಕೇಳಿದ. "ಆ ಉಳಿದ ಫಿಲ್ಮುಗಳನ್ನ ಏನ್ ಮಾಡ್ಲಿ? ನನಗೆ ಅದನ್ನ ಮುಟ್ಟೋಕೆ ಆಗ್ತಿಲ್ಲ."

"ಮತ್ತೆ ತೂಗುಹಾಕಿ. ಹೆಸರು ಅಳಿಸಿ. ಏನಾಗಿದೆ ಅಂತ ನಾನು ಬರೀತೀನಿ."

ಜೋಗುಪಾಳ್ಯದ ಸಮುದಾಯ ಭವನದಲ್ಲಿ ಕೌದಿ ಮತ್ತೆ ಎದ್ದಿತು. ಈ ಸಲ ಬಂಗಾರವಿಲ್ಲ. ಪ್ರತಿ ಎಲುಬಿನ ಪಕ್ಕ ನಂದಿತಾಳ ಕೈಬರಹ. 'ಇದು ಬಿದ್ದದ್ದು.' 'ಇದು ಬಿದ್ದದ್ದಲ್ಲ.' 'ಏಟು ತಡೆಯಲು ಎತ್ತಿದ ಕೈ ಇದು.' ಹೂ ಮಾರುವ ಪಿಳ್ಳಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಆಮೇಲೆ ತನ್ನ ಸೊಟ್ಟಗಿನ ಮುಂಗೈ ಎತ್ತಿ, ಆ ಫಿಲ್ಮಿನ ಪಕ್ಕ ಹಿಡಿದು ನೋಡಿದಳು. ನಂದಿತಾ ಸುಗತನ ಕಡೆ ನೋಡಿದಳು. ಅವನ ಕಣ್ಣು ತುಂಬಿತ್ತು. 'ಇವನ ಮೇಲೆ ನನಗೆ...' ಅನ್ನುವ ಯೋಚನೆಯನ್ನು ಅವಳು ಅಲ್ಲೇ ಅದುಮಿಬಿಟ್ಟಳು. ಅವಳಿಗೆ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಮಧುಕರನಿಗೆ ಬೇರೆ ಹುಡುಗಿ ಗೊತ್ತಾದಳು. ಹಲಸೂರಿನ ಕಿರಣಕುಮಾರ ಅನ್ನುವವರ ಮಗಳು, ಪ್ರಿಯಾ. ಹೊಸ ಸಂಸಾರಕ್ಕೆ ಮಗು ಅಡ್ಡಿ. ಒಂದು ಬೆಳಗ್ಗೆ ಮಿತ್ರಾಳನ್ನು ಬಟ್ಟೆಯ ಬ್ಯಾಗಿನ ಸಮೇತ ಜೋಗುಪಾಳ್ಯದ ಬಾಗಿಲಲ್ಲಿ ಬಿಟ್ಟುಹೋದ.

ಅಮ್ಮ ಮಗುವನ್ನು ಅಪ್ಪಿಕೊಂಡು ನಂದಿತಾಳ ಕಡೆ ಕೈ ಮುಗಿದಳು. "ಇನ್ನು ಸುಮ್ನಿದ್ಬಿಡು ಕಣೇ! ಅವನ ಮದುವೆ ಆಗೋಗ್ಲಿ. ಮಗು ನಮ್ ಹತ್ರಾನೇ ಇರುತ್ತೆ. ಮದುವೆ ಕೆಡಿಸಿದ್ರೆ ಹಟಕ್ಕೆ ಬಂದು ಮಗೂನ ಎತ್ಕೊಂಡು ಹೋಗ್ತಾನೆ!"

ಅಮ್ಮ ಹೇಳಿದ್ದು ನಿಜ. ನಂದಿತಾ ಮೂರು ದಿನ ಊಟ ಮಾಡಲಿಲ್ಲ. ಮಲಗಿದ ಮಿತ್ರಾಳ ಕೂದಲು ಸವರುತ್ತಾ ಕೂತಳು. 'ನಾನೊಬ್ಬಳು ಸುಮ್ಮನಿದ್ದರೆ ಸಾಕು. ಆದರೆ ಅಕ್ಕನ ವಿಷಯದಲ್ಲೂ ಎಲ್ಲರೂ ಮಾಡಿದ್ದು ಅದನ್ನೇ ಅಲ್ವಾ...'

"ನೀವೇನಂತೀರ?" ಸುಗತನನ್ನು ಕೇಳಿದಳು.

"ನಾನು ಹೇಳಲ್ಲ. ಕಳ್ಕೊಳ್ಳೋದು ನೀವು. ಹೋಗೋದಾದ್ರೆ ಜೊತೆಗೆ ಬರ್ತೀನಿ, ಅಷ್ಟೇ."

ಅವಳು ಹೋದಳು. ಪ್ರಿಯಾಳ ಮನೆಯ ಕಿಟಕಿಗೆ ಮೂರೂ ಫಿಲ್ಮ್ ಹಿಡಿದು ತೋರಿಸಿದಳು. ಕಿರಣಕುಮಾರ ಮುಖ ಗಂಟಿಕ್ಕಿದರು. "ಬಿದ್ದಿರಬಹುದು ಅಲ್ವೇನಮ್ಮ? ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ."

ಒಳಗಿನಿಂದ ಪ್ರಿಯಾ ಬಂದಳು. ದವಡೆಯ ಫಿಲ್ಮಿನ ತಾರೀಕಿನ ಮೇಲೆ ಬೆರಳಿಟ್ಟಳು.

"ಆಗ ಮಗುಗೆ ಎಷ್ಟು ತಿಂಗಳು?"

"ನಾಲ್ಕು."

ಪ್ರಿಯಾ ಅಪ್ಪನ ಕಡೆ ತಿರುಗಿದಳು. "ನಾನು ಮಾಡ್ಕೊಳಲ್ಲ."

ಮದುವೆ ನಿಂತಿತು. ಮರುದಿನವೇ ಮಧುಕರ ಬಂದು, ಅಳುತ್ತಿದ್ದ ಮಿತ್ರಾಳನ್ನು ಎತ್ತಿಕೊಂಡು ಹೋದ. ಅಮ್ಮ ಒಂದು ತಿಂಗಳು ನಂದಿತಾಳ ಜೊತೆ ಮಾತು ಬಿಟ್ಟಳು. ಆಮೇಲೆ ತಾನೇ ಎದ್ದು ಸೀರೆ ಉಟ್ಟು ವಕೀಲರ ಹತ್ತಿರ ಬಂದಳು. "ನನ್ ಮಗಳು ಮೂರ್ ಸಲ ಬಂದು ಹೇಳಿದ್ಳು ಅಂತ ಜಡ್ಜ್ ಮುಂದೆ ಹೇಳ್ತೀನಿ. ನಾನೇ ವಾಪಸ್ ಕಳಿಸ್ದೆ ಅಂತಾನೂ ಹೇಳ್ತೀನಿ." ಹೇಳಿದಳು ಕೂಡ. ಅಕ್ಕನ ಸಾವಿನ ಕೇಸೂ, ಮಗುವಿನ ಕೇಸೂ ಇನ್ನೂ ನಡೆಯುತ್ತಿವೆ. ಸದ್ಯಕ್ಕೆ ಸಿಕ್ಕಿದ್ದು ಮಿತ್ರಾಳ ಜೊತೆ ವಾರಕ್ಕೊಂದು ಭಾನುವಾರ.

ಅಂಥ ಒಂದು ಭಾನುವಾರ ಸಂಜೆ, ಮಿತ್ರಾಳನ್ನು ಕೆ.ಆರ್. ಪುರದಲ್ಲಿ ಬಿಟ್ಟು ನಂದಿತಾ, ಸುಗತ ಇಬ್ಬರೂ ಬಸ್‌ಸ್ಟಾಪಿನಲ್ಲಿ ನಿಂತಿದ್ದರು. ಮಗು ಈಗ ಅಳುವುದನ್ನೂ ಬಿಟ್ಟಿತ್ತು. ತಿರುಗಿ ನೋಡದೆ ಮೆಟ್ಟಿಲು ಹತ್ತಿಹೋಗಿತ್ತು.

"ನಂದಿತಾ ಅವರೇ, ಒಂದು ಮಾತು ಹೇಳ್ಬೇಕು."

"ಹೇಳ್ಬೇಡಿ."

"ಏನಂತ ಗೊತ್ತಾ?"

"ಗೊತ್ತು. ತುಂಬಾ ದಿನದಿಂದ ಗೊತ್ತು." ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ನನಗೂ ಅದೇ ಇದೆ ಸುಗತ. ಅದಕ್ಕೇ ಭಯ. ಮಧುಕರನೂ ಮೊದಲ ವರ್ಷ ಅಕ್ಕನಿಗೆ ಹೂ ತರ್ತಿದ್ದ."

ಅವನು ಅವಳ ಕಡೆ ತಿರುಗಿದ.

"ನಿಮಗೆ ಸಿಟ್ಟು ಬಂದ್ರೆ ಏನ್ ಮಾಡ್ತೀರಾ? ನಿಜ ಹೇಳಿ."

"ಎದ್ದು ಹೊರಗೆ ಹೋಗ್ತೀನಿ." ಸ್ವಲ್ಪ ತಡೆದ. "ಒಂದ್ಸಲ ಹೋಗ್ಲಿಲ್ಲ. ಇಪ್ಪತ್ತೆರಡು ವರ್ಷ ಆಗ. ತಮ್ಮನ ಜೊತೆ ಜಗಳ. ಗೋಡೆಗೆ ಗುದ್ದಿದೆ, ಕೈ ಮುರೀತು. ಮುಚ್ಚಿಡಬಾರದು ಅಂತ ಹೇಳ್ದೆ."

ನಂದಿತಾ ಅವನ ಬಲಗೈ ಎಳೆದುಕೊಂಡಳು. ಕಿರುಬೆರಳ ಬುಡದಲ್ಲಿ ಹೆಬ್ಬೆರಳಿಟ್ಟು ಒತ್ತಿ ನೋಡಿದಳು. ಗಿಣ್ಣು ಒಳಕ್ಕೆ ಕುಸಿದಿತ್ತು.

"ಸರಿಯಾಗಿ ಕೂಡಿಲ್ಲ ಇದು."

"ಹೂಂ. ಚಳಿಗೆ ನೋಯುತ್ತೆ."

"ಗೋಡೆಗೂ ಹೊಡೀಬಾರದು."

"ಇಲ್ಲ."

"ಯಾವತ್ತೂ."

"ಯಾವತ್ತೂ ಇಲ್ಲ ನಂದಿತಾ."

ಅವಳು ಕೈ ಬಿಡಲಿಲ್ಲ. ಆ ಗಿಣ್ಣಿನ ಮೇಲೆ ಹೆಬ್ಬೆರಳು ಮೆಲ್ಲಗೆ ಸವರುತ್ತಲೇ ಇತ್ತು. ತುಂಬಿದ ಬಸ್ಸೊಂದು ಹೊಗೆ ಉಗುಳುತ್ತಾ ಬಂದು ನಿಂತಿತು.

"ಹಲಸೂರಿನ ಬಸ್ಸು... ಹತ್ತಲ್ವಾ?" ಅವನು ಕೇಳಿದ.

"ಹೋಗ್ಲಿ ಬಿಡು," ಅಂದಳು ನಂದಿತಾ. ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು. "ಇನ್ನೊಂದು ಬರುತ್ತೆ. ಸ್ವಲ್ಪ ಹೊತ್ತು ಇಲ್ಲೇ ಇರು."